ನಿಮಗಿದು ಗೊತ್ತೇ? ಹಳೇ ಲ್ಯಾಪ್‌ಟಾಪ್ ಇನ್ನೂ ಸತ್ತಿಲ್ಲ

‘ಶಟ್ ಡೌನ್’ ಒತ್ತಿದ ಮಾತ್ರಕ್ಕೆ ವಿಂಡೋಸ್ ಪೂರ್ತಿ ಆಫ್ ಆಗುವುದಿಲ್ಲ, ಗೊತ್ತೇ? 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ‘ಫಾಸ್ಟ್ ಸ್ಟಾರ್ಟಪ್’ ಎಂಬ ಏರ್ಪಾಡು ಇದೆ. ಮರುದಿನ ಬೇಗ ಆನ್ ಆಗಲೆಂದು ವಿಂಡೋಸ್ ತನ್ನ ಒಳಗಿನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ, ಎದ್ದಾಗ ಅದನ್ನೇ ಮತ್ತೆ ಎತ್ತಿಕೊಳ್ಳುತ್ತದೆ. ಹಾಗಾಗಿ ನಿನ್ನೆ ತಪ್ಪು ದಾರಿ ಹಿಡಿದ ಡ್ರೈವರ್ ಇವತ್ತೂ ಅದೇ ದಾರಿಯಲ್ಲಿರುತ್ತದೆ. ‘ರೀಸ್ಟಾರ್ಟ್’ ಒತ್ತಿದರೆ ಮಾತ್ರ ಎಲ್ಲವೂ ಮೊದಲಿನಿಂದ ಶುರು. ಪ್ರಿಂಟರ್ ಕಾಣಿಸುತ್ತಿಲ್ಲ, ಸೌಂಡ್ ಬರುತ್ತಿಲ್ಲ, ವೈಫೈ ಹಿಡಿಯುತ್ತಿಲ್ಲ ಎಂದರೆ ಮೊದಲ ಮದ್ದು ಇದೇ.

ಪವರ್ ಬಟನ್ ಒತ್ತಿದರೂ ಏನೂ ಆಗುತ್ತಿಲ್ಲವೇ? ಚಾರ್ಜರ್ ತೆಗೆಯಿರಿ. ಬ್ಯಾಟರಿ ಕಳಚಲು ಬರುವ ಮಾದರಿಯಾದರೆ ಅದನ್ನೂ ತೆಗೆಯಿರಿ. ಆಮೇಲೆ ಬಟನ್ನನ್ನು ಅರ್ಧ ನಿಮಿಷ ಅದುಮಿ ಹಿಡಿಯಿರಿ, ಬಳಿಕ ಚಾರ್ಜರ್ ಹಾಕಿ ಆನ್ ಮಾಡಿ ನೋಡಿ. ಬೋರ್ಡಿನಲ್ಲಿ ಉಳಿದಿದ್ದ ವಿದ್ಯುತ್ ಹರಿದುಹೋಗಿ, ಸಿಕ್ಕಿಹಾಕಿಕೊಂಡಿದ್ದ ನಿಯಂತ್ರಕ ಚಿಪ್ ಹೊಸದಾಗಿ ಕೆಲಸ ಶುರುಮಾಡುತ್ತದೆ. ಒಂದು ಪೈಸೆ ಖರ್ಚಿಲ್ಲದ ಈ ಪರೀಕ್ಷೆ ಆಗುವವರೆಗೂ ‘ಮದರ್‌ಬೋರ್ಡ್ ಹೋಗಿದೆ’ ಎಂದು ಯಾರು ಹೇಳಿದರೂ ಒಪ್ಪಬೇಡಿ.

ಫ್ಯಾನ್ ತಿರುಗುತ್ತದೆ, ದೀಪ ಉರಿಯುತ್ತದೆ, ಸ್ಕ್ರೀನ್ ಮಾತ್ರ ಕಪ್ಪು. ಇಲ್ಲಿ ಬೇಕಾದದ್ದು ಮೊಬೈಲಿನ ಟಾರ್ಚ್. ಸ್ಕ್ರೀನಿಗೆ ಓರೆಯಾಗಿ ಬೆಳಕು ಬಿಟ್ಟಾಗ ಐಕಾನ್‌ಗಳು ಮಸುಕಾಗಿ ಕಂಡರೆ ಚಿತ್ರ ಮೂಡುತ್ತಿದೆ, ಹಿಂದಿನ ಬೆಳಕು ಮಾತ್ರ ಹೋಗಿದೆ ಎಂದರ್ಥ. ಏನೂ ಕಾಣದಿದ್ದರೆ ಎಚ್‌ಡಿಎಂಐ ಕೇಬಲ್ ಹಾಕಿ ಟಿವಿಗೆ ಜೋಡಿಸಿ. ಟಿವಿಯಲ್ಲಿ ವಿಂಡೋಸ್ ಕಾಣಿಸಿಕೊಂಡರೆ ಪ್ರೊಸೆಸರ್, ರ‍್ಯಾಮ್, ಡಿಸ್ಕ್ ಕೆಲಸ ಮಾಡುತ್ತಿವೆ, ದೋಷ ಬಹುಪಾಲು ಸ್ಕ್ರೀನಿನಲ್ಲಿ ಅಥವಾ ಅದರ ಕೇಬಲ್ಲಿನಲ್ಲಿ ಇದೆ. ಮುಚ್ಚಳ ಹಿಂದೆ ಮುಂದೆ ಮಾಡಿದಾಗ ಚಿತ್ರ ಬಂದು ಹೋಗುತ್ತಿದ್ದರೆ ಹಿಂಜಿನ ಮೂಲಕ ಹಾದುಹೋಗುವ ಕೇಬಲ್ ಸವೆದಿದೆ. ಇಡೀ ಸ್ಕ್ರೀನ್ ಬದಲಿಸುವುದಕ್ಕಿಂತ ಕೇಬಲ್ ಬದಲಿಸುವುದು ಬಹಳ ಅಗ್ಗ.

ಪಾಸ್‌ವರ್ಡ್ ಸರಿಯಾಗಿಯೇ ಒತ್ತಿದರೂ ‘ತಪ್ಪು’ ಎನ್ನುತ್ತಿದೆಯೇ? ಬಲಬದಿಯಲ್ಲಿ ಅಂಕಿಗಳ ಪ್ರತ್ಯೇಕ ಕೀಲಿಗುಂಪು ಇಲ್ಲದ ಎಷ್ಟೋ ಹಳೇ ಚಿಕ್ಕ ಲ್ಯಾಪ್‌ಟಾಪ್‌ಗಳಲ್ಲಿ ನಮ್ ಲಾಕ್ ಆನ್ ಆದರೆ ಯು, ಐ, ಓ ಕೀಲಿಗಳು 4, 5, 6 ಆಗುತ್ತವೆ. ಜೆ, ಕೆ, ಎಲ್ ಕೀಲಿಗಳು 1, 2, 3. ಪಾಸ್‌ವರ್ಡ್ ಜಾಗದಲ್ಲಿ ಬರೀ ಚುಕ್ಕಿಗಳೇ ಕಾಣುವುದರಿಂದ ಇದು ಗೊತ್ತೇ ಆಗುವುದಿಲ್ಲ.

ತಾರೀಖು ತಪ್ಪಾದರೆ ಇಂಟರ್ನೆಟ್ ನಿಲ್ಲುತ್ತದೆ ಎಂದರೆ ನಂಬುತ್ತೀರಾ? ಅನೇಕ ಲ್ಯಾಪ್‌ಟಾಪ್‌ಗಳ ಒಳಗೆ ನಾಣ್ಯದಂಥ ಒಂದು ಚಿಕ್ಕ ಬ್ಯಾಟರಿ ಇರುತ್ತದೆ. ಮುಖ್ಯ ಬ್ಯಾಟರಿ ಖಾಲಿಯಾಗಿದ್ದಾಗಲೂ ಗಡಿಯಾರ ನಡೆಸುವುದು ಅದರ ಕೆಲಸ. ಅದು ಸಾಮಾನ್ಯವಾಗಿ ಸಿಆರ್ 2032, ಆ ಹೆಸರಿನಲ್ಲೇ ಅದರ ಅಳತೆ ಅಡಗಿದೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಕೊಡುವುದು 3 ವೋಲ್ಟ್. ವರ್ಷಗಳ ಮೇಲೆ ಅದು ತೀರಿದಾಗ ಲ್ಯಾಪ್‌ಟಾಪಿನ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹಾರುತ್ತದೆ. ಬ್ಯಾಂಕ್, ಇಮೇಲ್ ಮೊದಲಾದ ತಾಣಗಳು ತಮ್ಮ ಗುರುತಿಗಾಗಿ ಒಂದು ಡಿಜಿಟಲ್ ಪ್ರಮಾಣಪತ್ರ ತೋರಿಸುತ್ತವೆ. ಅದಕ್ಕೆ ಶುರುವಿನ ತಾರೀಖೂ ಉಂಟು, ಕೊನೆಯ ತಾರೀಖೂ ಉಂಟು. ನಿಮ್ಮ ಲ್ಯಾಪ್‌ಟಾಪ್ ಇನ್ನೂ ಹತ್ತು ವರ್ಷ ಹಿಂದಿದ್ದರೆ ಆ ಪತ್ರ ಅದರ ಲೆಕ್ಕಕ್ಕೆ ಇನ್ನೂ ಜಾರಿಗೇ ಬಂದಿಲ್ಲ. ಹಾಗಾಗಿ ಬ್ರೌಸರ್ ‘ಈ ಸಂಪರ್ಕ ಸುರಕ್ಷಿತವಲ್ಲ’ ಎಂದು ಬಾಗಿಲು ಹಾಕುತ್ತದೆ. ವೈರಸ್ ಬಂದಿದೆ ಎಂದು ಹೆದರಿ ವಿಂಡೋಸ್ ಹೊಸದಾಗಿ ಹಾಕಿಸುವ ಮುನ್ನ ಮೂಲೆಯಲ್ಲಿರುವ ತಾರೀಖನ್ನು ಒಮ್ಮೆ ನೋಡಿ.

ಟಚ್‌ಪ್ಯಾಡ್ ಕ್ಲಿಕ್ ಆಗುತ್ತಿಲ್ಲವೇ? ಅಥವಾ ಮುಚ್ಚಳ ಸರಿಯಾಗಿ ಕೂರದೆ ಎದ್ದು ನಿಂತಂತಿದೆಯೇ? ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹಲವು ಮಾದರಿಗಳಲ್ಲಿ ಟಚ್‌ಪ್ಯಾಡಿನ ಕೆಳಗೇ ಬ್ಯಾಟರಿ ಇರುತ್ತದೆ. ಹಳೆಯದಾದ ಲಿಥಿಯಂ ಅಯಾನ್ ಬ್ಯಾಟರಿಯೊಳಗೆ ಅನಿಲ ಹುಟ್ಟಿ ಅದು ಉಬ್ಬುತ್ತದೆ, ಉಬ್ಬಿ ಟಚ್‌ಪ್ಯಾಡನ್ನು ಕೆಳಗಿನಿಂದ ಒತ್ತುತ್ತದೆ. ಕೂಡಲೇ ಆಫ್ ಮಾಡಿ, ಚಾರ್ಜ್‌ಗೆ ಹಾಕುವುದನ್ನು ನಿಲ್ಲಿಸಿ. ಒತ್ತಿ ಮೊದಲಿನಂತೆ ಮಾಡಲು ಹೋಗಬೇಡಿ, ಚುಚ್ಚಲೇಬೇಡಿ. ಚುಚ್ಚಿದರೆ ಒಳಗೆ ಶಾರ್ಟ್ ಆಗಿ ಬೆಂಕಿ ಹತ್ತಬಹುದು. ಬಲ್ಲವರ ಕೈಯಲ್ಲಿ ಬದಲಿಸಿ.

ಈ ಬಗೆಯ ಬ್ಯಾಟರಿಯನ್ನು ಮೊದಲು ಮಾರುಕಟ್ಟೆಗೆ ತಂದದ್ದು ಸೋನಿ, 1991ರಲ್ಲಿ. ಇದರ ಹಿಂದಿನ ವಿಜ್ಞಾನಕ್ಕಾಗಿ 2019ರ ರಸಾಯನಶಾಸ್ತ್ರದ ನೊಬೆಲ್ ಪಡೆದ ಮೂವರಲ್ಲಿ ಒಬ್ಬರಾದ ಜಾನ್ ಗುಡ್‌ಇನಫ್ ಅವರಿಗೆ ಆಗ 97 ವರ್ಷ. ಅಷ್ಟು ಹಿರಿಯ ವಯಸ್ಸಿನಲ್ಲಿ ನೊಬೆಲ್ ಪಡೆದವರು ಬೇರಾರೂ ಇಲ್ಲ.

ನಿಮ್ಮ ಬ್ಯಾಟರಿಯಲ್ಲಿ ಇನ್ನೆಷ್ಟು ಜೀವ ಇದೆ ಎಂದು ವಿಂಡೋಸೇ ಲೆಕ್ಕ ಕೊಡುತ್ತದೆ. ಕಮಾಂಡ್ ಪ್ರಾಂಪ್ಟ್ ತೆರೆದು ‘ಪವರ್‌ಸಿಎಫ್‌ಜಿ’ ಎಂದು ಬರೆದು, ಒಂದು ಜಾಗ ಬಿಟ್ಟು, ಓರೆಗೆರೆ ಹಾಕಿ, ಅದಕ್ಕೆ ತಾಗಿಸಿ ‘ಬ್ಯಾಟರಿರಿಪೋರ್ಟ್’ ಎಂದು ಒಂದೇ ಪದವಾಗಿ ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಸಿದ್ಧವಾಗುವ ವರದಿಯಲ್ಲಿ ‘ಡಿಸೈನ್ ಕೆಪಾಸಿಟಿ’ ಮತ್ತು ‘ಫುಲ್ ಚಾರ್ಜ್ ಕೆಪಾಸಿಟಿ’ ಎಂಬ ಎರಡು ಅಂಕಿಗಳನ್ನು ಹೋಲಿಸಿ. ಎರಡನೆಯದು ಮೊದಲನೆಯದರ ಅರ್ಧಕ್ಕಿಂತ ಕೆಳಗಿಳಿದಿದ್ದರೆ ಹೊಸ ಬ್ಯಾಟರಿ ಕೊಳ್ಳುವ ಸಮಯ ಬಂದಿದೆ. ಬ್ಯಾಟರಿಗೆ ಆಗದ ಎರಡು ಸಂಗತಿಗಳು ಶಾಖ ಮತ್ತು ಸದಾ ನೂರಕ್ಕೆ ನೂರು ಚಾರ್ಜ್. ದಿನವಿಡೀ ಚಾರ್ಜರಿಗೆ ಸಿಕ್ಕಿಸಿಯೇ ಕೆಲಸ ಮಾಡುವವರು, ಸೆಟ್ಟಿಂಗಿನಲ್ಲಿ ಶೇ 80ಕ್ಕೆ ನಿಲ್ಲಿಸುವ ಆಯ್ಕೆ ಇದ್ದರೆ, ಅದನ್ನು ಆನ್ ಮಾಡಿಟ್ಟುಕೊಳ್ಳಿ.

ಲೋಹದ ಮೈಯ ಲ್ಯಾಪ್‌ಟಾಪ್ ಚಾರ್ಜ್‌ಗೆ ಹಾಕಿದಾಗ ಕೈಗೆ ಜುಮ್ಮೆನ್ನುತ್ತದೆಯೇ? ಎರಡು ಪಿನ್ನಿನ ಅಡಾಪ್ಟರ್‌ಗಳಲ್ಲಿ ಅತಿ ಸಣ್ಣ ಸೋರಿಕೆ ಕರೆಂಟ್ ಇರುತ್ತದೆ, ಅರ್ತಿಂಗ್ ಇಲ್ಲದ್ದರಿಂದ ಅದು ನಿಮ್ಮ ಕೈ ಮೂಲಕ ದಾರಿ ಹುಡುಕುತ್ತದೆ. ಮೂರು ಪಿನ್ನಿನ ಅಡಾಪ್ಟರ್ ಆಗಿದ್ದೂ ಜುಮ್ಮೆಂದರೆ ಮನೆಯ ಅರ್ತಿಂಗ್ ಪರೀಕ್ಷಿಸಿ. ಮನೆಯವರ ಸುರಕ್ಷತೆಯ ಪ್ರಶ್ನೆ ಅದು.

ಲ್ಯಾಪ್‌ಟಾಪ್ ಮೇಲೆ ಲ್ಯಾಪ್‌ಟಾಪ್ ಇಟ್ಟರೆ ಮೇಲಿನದರ ಸ್ಕ್ರೀನ್ ತಟ್ಟನೆ ಆರಬಹುದು! ಮುಚ್ಚಳ ಮುಚ್ಚಿದೆಯೇ ಎಂದು ತಿಳಿಯಲು ಲ್ಯಾಪ್‌ಟಾಪ್ ಒಂದು ಅಯಸ್ಕಾಂತ ಮತ್ತು ಅದನ್ನು ಗ್ರಹಿಸುವ ಸಂವೇದಕವನ್ನು ನೆಚ್ಚಿಕೊಂಡಿದೆ. ಕೆಳಗಿನ ಯಂತ್ರದ ಅಯಸ್ಕಾಂತ ಮೇಲಿನದರ ಸಂವೇದಕಕ್ಕೆ ಸಿಕ್ಕರೆ ‘ಮುಚ್ಚಿದ್ದಾರೆ’ ಎಂದುಕೊಂಡು ಅದು ಮಲಗುತ್ತದೆ. ಅಯಸ್ಕಾಂತವಿರುವ ಮೊಬೈಲ್ ಕವರ್, ಕೈಕಡಗ ಕೂಡ ಇದನ್ನೇ ಮಾಡಬಲ್ಲವು.

ವೈರ್‌ಲೆಸ್ ಮೌಸ್ ತಡವರಿಸುತ್ತಿದೆ ಎಂದು ಹೊಸ ಮೌಸ್ ಕೊಳ್ಳುವ ಮುನ್ನ, ಅದರ ರಿಸೀವರ್ ಪಕ್ಕದಲ್ಲಿ ಏನು ಸಿಕ್ಕಿಸಿದ್ದೀರಿ ನೋಡಿ. ಯುಎಸ್‌ಬಿ 3.0 ಸಾಧನಗಳು ಹೊರಸೂಸುವ ರೇಡಿಯೋ ಗದ್ದಲ 2.4 ಗಿಗಾಹರ್ಟ್ಸ್ ತರಂಗಗಳಿಗೆ ಅಡ್ಡಬರುತ್ತದೆ ಎಂದು ಇಂಟೆಲ್ ಸಂಸ್ಥೆಯೇ 2012ರಲ್ಲಿ ಪ್ರಕಟಿಸಿದೆ. ಅಂಥ ಸಾಧನ ಪಕ್ಕದಲ್ಲಿದ್ದರೆ ಅದನ್ನು ಇನ್ನೊಂದು ಬದಿಗೆ ಹಾಕಿದರೆ ಮೌಸ್ ಸರಿಯಾದೀತು.

ನೆರೆಮನೆಯವರ ವೈಫೈ ಎಲ್ಲ ಕಾಣುತ್ತದೆ, ಹೊಸ ರೌಟರಿನ ಹೆಸರು ಮಾತ್ರ ಪಟ್ಟಿಯಲ್ಲಿಲ್ಲ ಎಂದರೆ ಅದು 5 ಗಿಗಾಹರ್ಟ್ಸ್ ಜಾಲವಿರಬಹುದು. 2.4 ಮಾತ್ರ ಬಲ್ಲ ಹಳೇ ವೈಫೈ ಕಾರ್ಡಿಗೆ ಅದು ಕಾಣುವುದೇ ಇಲ್ಲ. ರೌಟರಿನಲ್ಲಿ 2.4 ಅನ್ನೂ ಆನ್ ಮಾಡಿದರೆ ಮುಗಿಯಿತು.

ಲ್ಯಾಪ್‌ಟಾಪ್ ನಿಧಾನವಾಗಿದೆ ಎನ್ನುವುದು ಎಲ್ಲರ ದೂರು. ಕಾರಣ ಮಾತ್ರ ಎಲ್ಲರಿಗೂ ಒಂದೇ ಅಲ್ಲ. ಮೊದಲ ಶಂಕಿತ ಶಾಖ. ಅನೇಕ ಇಂಟೆಲ್ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳ ಮಿತಿ 100 ಡಿಗ್ರಿ ಸೆಲ್ಸಿಯಸ್. ಅದರ ಹತ್ತಿರ ಬಂದಾಗ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ಹಾಸಿಗೆ, ದಿಂಬಿನ ಮೇಲೆ ಇಟ್ಟರೆ ಕೆಳಗಿನ ಗಾಳಿಕಿಂಡಿ ಮುಚ್ಚಿಹೋಗುತ್ತದೆ. ವರ್ಷಗಟ್ಟಲೆ ಬಳಸಿದ ಲ್ಯಾಪ್‌ಟಾಪಿನ ಫ್ಯಾನ್ ಮುಂದಿನ ಲೋಹದ ಹಲ್ಲುಗಳ ನಡುವೆ ದೂಳು ಹೆಪ್ಪುಗಟ್ಟಿರುತ್ತದೆ, ಪ್ರೊಸೆಸರ್ ಮೇಲೆ ಬಳಿದ ಥರ್ಮಲ್ ಪೇಸ್ಟ್ ಒಣಗಿರುತ್ತದೆ. ಕ್ಲೀನ್ ಮಾಡಿಸಿ, ಪೇಸ್ಟ್ ಹೊಸದಾಗಿ ಹಾಕಿಸಿ. ನೀವೇ ಗಾಳಿ ಊದುವುದಾದರೆ ಫ್ಯಾನಿನ ರೆಕ್ಕೆಯನ್ನು ಕಡ್ಡಿಯಿಂದ ತಡೆದು ಹಿಡಿಯಿರಿ, ಇಲ್ಲವಾದರೆ ಅತಿವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗಬಹುದು.

ಎರಡನೆಯ ಶಂಕಿತ ಹಾರ್ಡ್ ಡಿಸ್ಕ್. ಹಳೇ ಲ್ಯಾಪ್‌ಟಾಪ್‌ಗಳ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 90. ಓದುವ ತಲೆ ಆ ತಟ್ಟೆಯ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತದೆ. ನಮ್ಮ ತಲೆಗೂದಲಿನ ದಪ್ಪ ಹತ್ತಾರು ಸಾವಿರ ನ್ಯಾನೋಮೀಟರ್! ಆನ್ ಇರುವಾಗ ಲ್ಯಾಪ್‌ಟಾಪನ್ನು ಕುಕ್ಕಬಾರದು ಎನ್ನುವುದು ಇದಕ್ಕೇ. ಬೇಕಾದ ಮಾಹಿತಿ ತಲೆಯ ಕೆಳಗೆ ಬರುವವರೆಗೂ ಡಿಸ್ಕ್ ಕಾಯಬೇಕು, ಸರಾಸರಿ ಹತ್ತು ಮಿಲಿಸೆಕೆಂಡಿಗೂ ಹೆಚ್ಚು ಹೊತ್ತು. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಗೆ ಅದರ ನೂರರಲ್ಲೊಂದು ಪಾಲು ಸಾಕು. ಹಳೇ ಲ್ಯಾಪ್‌ಟಾಪಿಗೆ ಒಂದೇ ಒಂದು ಭಾಗ ಕೊಳ್ಳುವಷ್ಟು ದುಡ್ಡಿದ್ದರೆ ಅದನ್ನು ಎಸ್‌ಎಸ್‌ಡಿಗೇ ಹಾಕಿ ಎಂದು ನಾನು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ. ಎರಡೂವರೆ ಇಂಚಿನ ಸಾಟಾ ಡಿಸ್ಕ್ ಇದ್ದ ಜಾಗದಲ್ಲೇ ಅದೇ ಅಳತೆಯ ಎಸ್‌ಎಸ್‌ಡಿ ಕೂರುತ್ತದೆ. ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಕಡೆ ಅಂಗಡಿಯವರು ಹಳೇ ಡಿಸ್ಕಿನಲ್ಲಿರುವುದನ್ನು ಇದ್ದಂತೆಯೇ ಹೊಸದಕ್ಕೆ ಕ್ಲೋನ್ ಮಾಡಿ ಕೊಡುತ್ತಾರೆ.

ಆದರೆ ಡಿಸ್ಕಿನಿಂದ ಕಟಕಟ ಸದ್ದು ಬರುತ್ತಿದ್ದರೆ ಬೇರೆಲ್ಲ ಬಿಟ್ಟು ಫೋಟೋ, ಕಡತಗಳನ್ನು ಬೇರೆಡೆಗೆ ಕಾಪಿ ಮಾಡಿ. ತಲೆ ದಾರಿ ಸಿಗದೆ ಮತ್ತೆ ಮತ್ತೆ ತಡಕಾಡುವ ಸದ್ದು ಅದು. ಆ ಹಂತದಲ್ಲಿ ಡಿಸ್ಕ್ ರಿಪೇರಿ ತಂತ್ರಾಂಶ ಓಡಿಸಿದರೆ ಇಡೀ ತಟ್ಟೆಯನ್ನು ಓದುವ ಶ್ರಮಕ್ಕೇ ಅದು ಪೂರ್ತಿ ಕೈಕೊಡಬಹುದು. ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ದಾಖಲಿಸಿಕೊಳ್ಳುತ್ತದೆ, ಆ ದಾಖಲೆಗೆ ‘ಸ್ಮಾರ್ಟ್’ ಎಂದು ಹೆಸರು. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶ ಅದನ್ನು ಓದಿ ಹೇಳುತ್ತದೆ. ಸದ್ದು ಬರುವವರೆಗೂ ಕಾಯದೆ ಇವತ್ತೇ ನೋಡಿ.

ರ‍್ಯಾಮ್ ಕಾಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿದರೆ ಆನ್ ಆಗದ ಲ್ಯಾಪ್‌ಟಾಪ್ ಆನ್ ಆಗುವುದುಂಟು. ಚಿನ್ನದ ಬಣ್ಣದ ಆ ಹಲ್ಲುಗಳ ಮೇಲೆ ಕೂತ ಕೊಳೆ ಹೋಗಿ ಸಂಪರ್ಕ ಸರಿಹೋಗುತ್ತದೆ. ಮೆಲ್ಲಗೆ ಉಜ್ಜಿ, ಪುಡಿ ಒರೆಸಿ ಹಾಕಬೇಕು.

8 ಜಿಬಿ ರ‍್ಯಾಮ್ ಹಾಕಿಸಿದರೂ 3 ಜಿಬಿ ಚಿಲ್ಲರೆಯಷ್ಟೇ ಬಳಕೆಗೆ ಸಿಗುತ್ತಿದೆ ಎಂದರೆ ನಿಮ್ಮ ವಿಂಡೋಸ್ 32 ಬಿಟ್‌ನದು. ಅದಕ್ಕೆ 4 ಜಿಬಿಯಾಚೆ ಲೆಕ್ಕ ಬಾರದು. ಇಂಥದೇ 32 ಬಿಟ್ ಮಿತಿಯಿಂದಾಗಿ, ಯುನಿಕ್ಸ್ ಪದ್ಧತಿಯಲ್ಲಿ ಕಾಲ ಎಣಿಸುವ ಹಳೇ ವ್ಯವಸ್ಥೆಗಳ ಗಡಿಯಾರ 2038ರ ಜನವರಿ 19ರಂದು, ಭಾರತೀಯ ಕಾಲಮಾನ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಕೊನೆಯಂಕಿ ಮುಟ್ಟುತ್ತದೆ.

ನೀಲಿ ಪರದೆ ಕಂಡೊಡನೆ ಆಫ್ ಮಾಡಬೇಡಿ. ಅದರಲ್ಲಿರುವ ಸ್ಟಾಪ್ ಕೋಡನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ, ರಿಪೇರಿಯವರಿಗೆ ಅದೇ ಮೊದಲ ಸುಳಿವು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಒಂದು ದೋಷಪೂರಿತ ಅಪ್‌ಡೇಟ್‌ನಿಂದ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿಯಾದವು. ಭಾರತದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲಿ ಬರೆದುಕೊಟ್ಟರು. ಆ ದೋಷಕ್ಕೆ ಆರಂಭದಲ್ಲಿ ಸೂಚಿಸಿದ ಪರಿಹಾರ, ‘ಸೇಫ್ ಮೋಡ್’ನಲ್ಲಿ ಆನ್ ಮಾಡಿ ಆ ಅಪ್‌ಡೇಟ್ ತಂದ ಕೆಟ್ಟ ಕಡತವನ್ನು ಅಳಿಸುವುದು. ಮನೆಯ ಲ್ಯಾಪ್‌ಟಾಪಿಗೂ ಸೇಫ್ ಮೋಡ್ ಇದೆ: ಅತ್ಯಗತ್ಯ ಡ್ರೈವರ್‌ಗಳಷ್ಟೇ ಎದ್ದು ನಿಲ್ಲುವುದರಿಂದ, ಈಚೆಗೆ ಹಾಕಿದ ಕೆಟ್ಟ ತಂತ್ರಾಂಶ ತೆಗೆಯಲು ಅದೇ ತಕ್ಕ ಜಾಗ.

ದೋಷ ಯಂತ್ರದಲ್ಲೋ ವಿಂಡೋಸಿನಲ್ಲೋ ಎಂಬ ಗೊಂದಲವೇ? ವಿಂಡೋಸಿನಂತೆಯೇ ಕಂಪ್ಯೂಟರ್ ನಡೆಸುವ, ಉಚಿತವಾಗಿ ಸಿಗುವ ಲಿನಕ್ಸ್ ಮಿಂಟನ್ನು ಪೆನ್ ಡ್ರೈವಿಗೆ ಹಾಕಿ, ಅದರಿಂದಲೇ ಆನ್ ಮಾಡಿ ನೋಡಿ. ಡಿಸ್ಕನ್ನು ಮುಟ್ಟದೆಯೇ ಅದು ಓಡುತ್ತದೆ. ಅದರಲ್ಲಿ ವೈಫೈ, ಸೌಂಡ್, ಕೀಬೋರ್ಡ್ ಎಲ್ಲ ಸರಿಯಿದ್ದರೆ ಕೆಟ್ಟಿರುವುದು ವಿಂಡೋಸ್. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11 ಹಳೇ ಯಂತ್ರಗಳಲ್ಲಿ ಎಷ್ಟೋ ಸಲ ಇರದ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ. ಅಷ್ಟಕ್ಕೇ ಗಟ್ಟಿಮುಟ್ಟಾದ ಯಂತ್ರವನ್ನು ಗುಜರಿಗೆ ಹಾಕುವುದು ಅನ್ಯಾಯ. ಪತ್ರ ಬರೆಯಲು, ಓದಲು, ಮಕ್ಕಳ ಪಾಠಕ್ಕೆ 4 ಜಿಬಿ ರ‍್ಯಾಮಿನ ಹಳೇ ಲ್ಯಾಪ್‌ಟಾಪಿನಲ್ಲಿ ಮಿಂಟ್ ಸಾಕು.

ಇದು ಕನ್ನಡಿಗರಿಗೇ ವಿಶೇಷ. ಹಳೇ ಲ್ಯಾಪ್‌ಟಾಪಿನಿಂದ ತಂದ ಕನ್ನಡ ಕಡತ ಹೊಸದರಲ್ಲಿ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಕಾಣುತ್ತಿದೆಯೇ? ‘ಕನ್ನಡ’ ಎಂದು ಬರೆದ ಕಡೆ ನಡುವೆ ಬ್ರಿಟಿಷ್ ಪೌಂಡಿನ ಚಿಹ್ನೆ ಇದೆಯೇ? ಕಡತ ಕೆಟ್ಟಿಲ್ಲ, ವೈರಸ್ಸೂ ಅಲ್ಲ. ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೇ ಫಾಂಟ್‌ಗಳು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಗಳ ಮೇಲೆ ಕನ್ನಡದ ರೂಪ ಕೂರಿಸಿದ್ದವು. ಆ ಫಾಂಟ್ ಇಲ್ಲದ ಕಡೆ ಕೆಳಗಿನ ಸಂಕೇತಗಳು ಬಯಲಾಗುತ್ತವೆ. ಪ್ರತಿ ಲಿಪಿಯ ಅಕ್ಷರಗಳಿಗೂ ಅವುಗಳದೇ ಸಂಕೇತ ಕೊಡುವ ಯೂನಿಕೋಡ್‌ನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು, ಆದರೂ ನಮ್ಮ ಕಚೇರಿ, ಪತ್ರಿಕೆ, ಮುದ್ರಣಾಲಯಗಳಲ್ಲಿ ಹಳೇ ಫಾಂಟ್‌ಗಳು ಬಹುಕಾಲ ಉಳಿದವು. ಎಷ್ಟೋ ಲೇಖಕರ ಕತೆ, ಸಂಶೋಧಕರ ಪ್ರಬಂಧ, ಊರಿನ ಸಂಘಗಳ ದಾಖಲೆ ಇನ್ನೂ ಆ ರೂಪದಲ್ಲೇ ಇವೆ. ಕಡತವನ್ನು ಅಳಿಸಬೇಡಿ, ಕಂಡದ್ದನ್ನು ತಿದ್ದಲೂ ಹೋಗಬೇಡಿ. ಯೂನಿಕೋಡ್ ಪರಿವರ್ತಕದಲ್ಲಿ ಹಾಕಿದರೆ ಕನ್ನಡ ಮರಳಿ ಬರುತ್ತದೆ. ಅರ್ಕಾವತ್ತು, ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ ನೋಡಿಕೊಳ್ಳಿ. ಹಳೇ ಲ್ಯಾಪ್‌ಟಾಪ್ ಇನ್ನೂ ಆನ್ ಆಗುತ್ತಿರುವಾಗಲೇ ಈ ಕೆಲಸ ಮುಗಿಸಿ.

ಕೀಬೋರ್ಡ್ ಮೇಲೆ ಕಾಫಿ ಚೆಲ್ಲಿತೇ? ಕೂಡಲೇ ಚಾರ್ಜರ್ ಕಿತ್ತು, ಪವರ್ ಬಟನ್ ಅದುಮಿ ಹಿಡಿದು ಆಫ್ ಮಾಡಿ, ಬೋರಲು ಹಾಕಿ. ಅಕ್ಕಿಯಲ್ಲಿ ಹೂತರೆ ಪ್ರಯೋಜನವಿಲ್ಲ. ನೀರು ಆರಿದರೂ ಹಾಲು ಸಕ್ಕರೆಯ ಅಂಟು ಉಳಿದು ಬೋರ್ಡನ್ನು ತಿನ್ನುತ್ತದೆ, ಬಿಚ್ಚಿ ತೊಳೆಯಲೇಬೇಕು.

ಇಷ್ಟೆಲ್ಲ ನೋಡಿದ ಮೇಲೂ ಬೇಡವೆನಿಸಿ ಯಾರಿಗಾದರೂ ಕೊಡುವುದಾದರೆ, ‘ಡಿಲೀಟ್’ ಒತ್ತಿದ ಕಡತ ತಕ್ಷಣ ಅಳಿಯುವುದಿಲ್ಲ, ಅದರ ವಿಳಾಸವಷ್ಟೇ ಅಳಿಯುತ್ತದೆ ಎಂಬುದು ನೆನಪಿರಲಿ. ವಿಂಡೋಸಿನ ‘ರೀಸೆಟ್ ದಿಸ್ ಪಿಸಿ’ಯಲ್ಲಿ ‘ಕ್ಲೀನ್ ಡೇಟಾ’ ಆಯ್ಕೆ ಆನ್ ಮಾಡಿ ಪೂರ್ತಿ ಒರೆಸಿ. ಯಾರಿಗೂ ಬೇಡವಾದದ್ದನ್ನು ಅಧಿಕೃತ ಇ-ತ್ಯಾಜ್ಯ ಸಂಗ್ರಹಕಾರರಿಗೇ ಕೊಡಿ. ಬ್ಯಾಟರಿಯನ್ನಂತೂ ಮನೆಯ ಕಸದ ಜೊತೆ ಹಾಕಬೇಡಿ. ಕಸದ ಗಾಡಿಯಲ್ಲಿ ಜಜ್ಜಿದ ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿಕೊಂಡರೆ ಮೊದಲು ಸುಡುವುದು ಪೌರಕಾರ್ಮಿಕರ ಕೈ.