ತಿರುಗುಣಿಯಿಂದ ಸುರುಳಿಗೆ: ಬಾಗಲಕೋಟೆ ಪರಿಸರದ ಅಂಗಡಿ ಬಾಗಿಲುಗಳು

ಬಾಗಲಕೋಟೆ ಜಿಲ್ಲೆಯ ಬಾಗಿಲುಗಳ ಅಧ್ಯಯನವೆಂದರೆ ಬಾದಾಮಿ ಚಾಲುಕ್ಯರ ದೇವಾಲಯಗಳ ದ್ವಾರಬಂಧಗಳ ಅಧ್ಯಯನವೆಂದೇ ರೂಢಿಯಾಗಿದೆ. ಲಲಾಟದಲ್ಲಿ ರೆಕ್ಕೆ ಬಿಚ್ಚಿದ ಗರುಡ, ಅವನ ಕೈಗಳಲ್ಲಿ ಬಾಲ ಸಿಕ್ಕಿಕೊಂಡು ಇಕ್ಕೆಲಗಳಲ್ಲಿ ಇಳಿಯುವ ನಾಗಶಾಖೆ, ಬುಡದಲ್ಲಿ ಗಂಗೆ ಯಮುನೆಯರು - ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಈ ವಿನ್ಯಾಸವನ್ನು ಕುರಿತು ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಆದರೆ ದ್ವಾರಬಂಧವು ಬಾಗಿಲಿನ ಕಟ್ಟು ಮಾತ್ರ. ಬಾಗಿಲನ್ನು ಮುಚ್ಚುವುದು ಕದ. ಕಲ್ಲಿನ ಕಟ್ಟು ಸಾವಿರದ ಮುನ್ನೂರು ವರ್ಷ ಉಳಿದು ಮರದ ಕದ ಅಳಿದುದರಿಂದ ಅಧ್ಯಯನವೂ ಕಟ್ಟಿನ ಬಳಿಯೇ ನಿಂತಿತು. ಇದೇ ಊರುಗಳ ಪೇಟೆಯಲ್ಲಿ ಇಂದು ಎಲ್ಲೆಡೆ ಕಾಣುವ, ಜನರು ಶಟರ್ ಎಂದು ಕರೆಯುವ ಸುರುಳಿಬಾಗಿಲಂತೂ ಯಾವ ವಾಸ್ತುಚರಿತ್ರೆಯ ಪುಟವನ್ನೂ ಹೊಕ್ಕಂತಿಲ್ಲ. ಈ ಎರಡು ತುದಿಗಳನ್ನು ಒಂದೇ ಪ್ರಶ್ನೆಯಿಂದ ಜೋಡಿಸಿ ನೋಡಲು ಸಾಧ್ಯವಿದೆ: ಕದದ ಭಾರವನ್ನು ಹೊರುವುದು ಯಾವುದು?

ದೇವಾಲಯಗಳಲ್ಲಿ ಅದನ್ನು ಹೊತ್ತದ್ದು ಕಲ್ಲು. ದ್ವಾರಬಂಧದ ಒಳಮಗ್ಗುಲಲ್ಲಿ, ಹೊಸ್ತಿಲಿನ ಎರಡು ಮೂಲೆಗಳಲ್ಲಿ ಮತ್ತು ಅವುಗಳ ನೇರಕ್ಕೆ ಮೇಲ್ಕಟ್ಟಿನಲ್ಲಿ ಕೊರೆದ ಕುಳಿಗಳು ಕದದ ತಿರುಗುಣಿಗಳಿಗೆಂದು ಮಾಡಿದವು. ಕದದ ಅಂಚಿನ ಮರವನ್ನೇ ಮೇಲೆ ಕೆಳಗೆ ಗೂಟದಂತೆ ಕೆತ್ತಿ ಈ ಕುಳಿಗಳಲ್ಲಿ ಕೂರಿಸುವುದು ಪದ್ಧತಿ. ಇಲ್ಲಿ ಒಂದು ಸೂಕ್ಷ್ಮವಿದೆ. ಇಡೀ ಭಾರ ಕೆಳಗಿನ ಕುಳಿಯ ಮೇಲೆ ಬೀಳುತ್ತದೆ; ಮೇಲಿನ ಕುಳಿಯ ಕೆಲಸ ಕದವು ಮುಂದಕ್ಕೆ ವಾಲದಂತೆ ತಡೆಯುವುದಷ್ಟೇ. ಹೀಗಾಗಿ ಎಷ್ಟೇ ದಪ್ಪನೆಯ ಕದವಾದರೂ ಎತ್ತುವ ಪ್ರಮೇಯವಿಲ್ಲ, ತಿರುಗಿಸಿದರೆ ಸಾಕು. ಈ ಸೀಮೆಯ ಹಳೆಯ ವಾಡೆಗಳ ಹೆಬ್ಬಾಗಿಲುಗಳಲ್ಲಿಯೂ ಇದೇ ತತ್ತ್ವ ಬಹುಕಾಲ ನಡೆದುಬಂತು. ಕೀಲು ಬಂದ ಮೇಲೆ ಭಾರವು ಹೊಸ್ತಿಲಿನಿಂದ ಚೌಕಟ್ಟಿನ ಮಗ್ಗುಲಿಗೆ ಸರಿಯಿತು. ಕದ ತಿರುಗಲು ಅದರ ಅಗಲದಷ್ಟು ಜಾಗ ಬೇಕೆಂಬ ನಿಯಮ ಮಾತ್ರ ಬದಲಾಗಲಿಲ್ಲ.

ಮನೆಗೆ ಈ ಜಾಗ ಸಮಸ್ಯೆಯಲ್ಲ; ಅಂಗಡಿಗೆ ಸಮಸ್ಯೆ. ಅಂಗಡಿಯ ಮುಖ ಪೂರ್ತಿ ತೆರೆದಿರಬೇಕು. ಒಳಕ್ಕೆ ತೆರೆದ ಕದ ಸರಕಿನ ಜಾಗವನ್ನು ತಿನ್ನುತ್ತದೆ, ಹೊರಕ್ಕೆ ತೆರೆದದ್ದು ಬೀದಿಯನ್ನು. ಪೇಟೆಗಳು ಇದಕ್ಕೆ ಕಂಡುಕೊಂಡ ಪರಿಹಾರ ಹಲಗೆ ಬಾಗಿಲು. ಹೊಸ್ತಿಲಿನ ಮರದಲ್ಲಿಯೂ ಮೇಲಿನ ತೊಲೆಯಲ್ಲಿಯೂ ಉದ್ದಕ್ಕೆ ಗಾಡಿ ಕೊರೆದು, ಒಂದು ಗೇಣಿಗಿಂತ ತುಸು ಅಗಲವಾದ ಹಲಗೆಗಳನ್ನು ಒಂದಾದ ಮೇಲೊಂದರಂತೆ ಜಾರಿಸಿ ನಿಲ್ಲಿಸುವ ಕ್ರಮವದು. ಮೇಲಿನ ಗಾಡಿ ಆಳ, ಕೆಳಗಿನದು ಕಡಿಮೆ ಆಳ. ಹಲಗೆಯನ್ನು ಮೊದಲು ಮೇಲಕ್ಕೆ ಏರಿಸಿ, ಬುಡವನ್ನು ಒಳಕ್ಕೆ ತಂದು ಇಳಿಸಬೇಕು. ಕೊನೆಯ ಹಲಗೆಗೆ ಅಡ್ಡಪಟ್ಟಿ ಮತ್ತು ಬೀಗ. ಒಂದರ ಹಲಗೆ ಇನ್ನೊಂದರ ಜಾಗದಲ್ಲಿ ಕೂರದ ಕಾರಣ ಅವುಗಳ ಮೇಲೆ ಅಂಕಿ ಬರೆಯುತ್ತಿದ್ದರು. ಈ ಅಂಕಿಗಳನ್ನು ಹಳೆಯ ಹಲಗೆಗಳ ಮೇಲೆ ಈಗಲೂ ಓದಬಹುದು. ಇಲ್ಲಿ ಭಾರವನ್ನು ಹೊತ್ತದ್ದು ಮನುಷ್ಯನ ತೋಳು, ಅದೂ ಕಂತುಗಳಲ್ಲಿ. ಅಂಗಡಿ ತೆರೆಯುವುದು ಮುಚ್ಚುವುದು ದಿನಕ್ಕೆ ಎರಡು ಬಾರಿಯ ದುಡಿಮೆಯಾಗಿತ್ತು, ಮತ್ತು ಅದು ಹೆಚ್ಚಾಗಿ ಅಂಗಡಿಯ ಆಳಿನ ಪಾಲಿನದಾಗಿತ್ತು.

ಬಾಗಿಲನ್ನು ಸುತ್ತಿ ಮರೆಮಾಡುವ ಕಲ್ಪನೆ ಬೇರೆ ಮೂಲದ್ದು. ಬಿಸಿಲಿಗೆ ಇಳಿಬಿಟ್ಟು, ಸಂಜೆ ಹಗ್ಗದಿಂದ ಸುತ್ತಿ ಮೇಲಕ್ಕೆ ಕಟ್ಟುವ ಬಿದಿರಿನ ತಟ್ಟಿ ಈ ನಾಡಿಗೆ ಹೊಸದಲ್ಲ. ಆದರೆ ಅದು ಹಗುರ, ಕಳ್ಳನನ್ನು ತಡೆಯದು. ಕಬ್ಬಿಣದ ಪಟ್ಟಿಗಳನ್ನು ಹಾಗೆ ಸುತ್ತುವ ಪ್ರಯತ್ನ 1830ರ ದಶಕದ ಲಂಡನ್ನಿನಲ್ಲಿ ಕಾಣುತ್ತದೆ. ಬನೆಟ್ ಎಂಬವನ ಹೆಸರಿನ ಆ ಬಾಗಿಲುಗಳನ್ನು ಹಿಡಿ ತಿರುಗಿಸಿ ಹಲ್ಲುಚಕ್ರಗಳ ಮೂಲಕ ಏರಿಸಬೇಕಿತ್ತು. ಭಾರ ಕಡಿಮೆಯಾಗಲಿಲ್ಲ, ಶ್ರಮ ನಿಧಾನವಾಯಿತಷ್ಟೆ. ಕಿಟಕಿಯ ಪರದೆಗೆ ಸ್ಪ್ರಿಂಗ್ ಅಡಗಿಸಿದ ಉರುಳೆಯನ್ನು ಅಮೆರಿಕದ ಸ್ಟೀವರ್ಟ್ ಹಾರ್ಟ್ಸ್‌ಹಾರ್ನ್ 1864ರಲ್ಲಿ ಪೇಟೆಂಟ್ ಮಾಡಿಸಿದ. ಅದೇ ಶತಮಾನದ ಉತ್ತರಾರ್ಧದಲ್ಲಿ ಲಂಡನ್ನಿನ ಕ್ಲಾರ್ಕ್ ಕಂಪನಿಯ ಉಕ್ಕಿನ ಬಾಗಿಲುಗಳು ‘ತಾನೇ ಸುತ್ತಿಕೊಳ್ಳುವ’ ಬಾಗಿಲುಗಳೆಂದು ಪ್ರಸಿದ್ಧವಾದವು. ಭಾರವನ್ನು ಹೊರುವ ಕೆಲಸ ಆಗ ಸ್ಪ್ರಿಂಗಿಗೆ ಬಂತು. ಭಾರತದಲ್ಲಿ ಇಂಥ ಬಾಗಿಲುಗಳ ತಯಾರಿಕೆಗೆ ಅಂದಿನ ಭಾರತೀಯ ಮಾನಕ ಸಂಸ್ಥೆಯು ಪ್ರಕಟಿಸಿದ 6248ನೆಯ ಮಾನಕದ 1979ರ ಆವೃತ್ತಿ ಆಧಾರವಾಗಿದೆ.

ಸುರುಳಿಬಾಗಿಲಿನ ರಚನೆ ನೋಡಲು ಸರಳ. ತೆಳುವಾದ ಉಕ್ಕಿನ ತಗಡನ್ನು ಕಮಾನಿನಂತೆ ಬಾಗಿಸಿ ಮಾಡಿದ ಅಡ್ಡಪಟ್ಟಿಗಳು, ಅವುಗಳ ತುದಿ ಜಾರುವ ಎರಡು ಕಬ್ಬಿಣದ ಗಾಡಿಗಳು, ಮೇಲೆ ಎರಡು ಬ್ರಾಕೆಟ್ಟುಗಳ ನಡುವೆ ಒಂದು ಕೊಳವೆ. ತಗಡಿನ ದಪ್ಪ 3.5 ಮೀಟರ್ ಅಗಲದವರೆಗಿನ ಬಾಗಿಲಿಗೆ 0.90 ಮಿಲಿಮೀಟರಿಗೆ ಕಡಿಮೆ ಇರಬಾರದು. ಕೊಳವೆ ತಿರುಗುವುದಿಲ್ಲ, ಎಂಬುದನ್ನು ಬಹುಮಂದಿ ಗಮನಿಸಿರುವುದಿಲ್ಲ. ತಿರುಗುವುದು ಅದರ ಮೇಲೆ ಕೂರಿಸಿದ ಗಾಲಿಯಾಕಾರದ ಉರುಳೆಗಳು. ಉರುಳೆಯೊಳಗಿನ ಸ್ಪ್ರಿಂಗಿನ ಒಂದು ತುದಿ ಕೊಳವೆಗೂ ಇನ್ನೊಂದು ತುದಿ ಉರುಳೆಗೂ ಬಿಗಿದಿರುತ್ತದೆ. ಬಾಗಿಲನ್ನು ಕೆಳಗೆಳೆದಾಗ ಸ್ಪ್ರಿಂಗ್ ತಿರುಚಿಕೊಂಡು ಶಕ್ತಿಯನ್ನು ಕೂಡಿಡುತ್ತದೆ, ಮೇಲೆ ದೂಡಿದಾಗ ಅದನ್ನು ಹಿಂದಕ್ಕೆ ಕೊಡುತ್ತದೆ. ಮಾನಕದ ಪ್ರಕಾರ ಹೀಗೆ ಕೈಯಿಂದಲೇ ಏರಿಸಿ ಇಳಿಸಬಹುದಾದ್ದು 8 ಚದರ ಮೀಟರಿನವರೆಗೆ. ಬಾಲ್ ಬೇರಿಂಗ್ ಇದ್ದರೆ 12ರವರೆಗೆ. ಅದಕ್ಕೂ ದೊಡ್ಡದಾದರೆ ಹಲ್ಲುಚಕ್ರ, ಸರಪಳಿಗಳ ನೆರವು ಬೇಕು.

ವಿನ್ಯಾಸದ ಜಾಣ್ಮೆಯಿರುವುದು ಸ್ಪ್ರಿಂಗಿನ ಬಲಕ್ಕಿಂತ ಅದರ ಹೊಂದಾಣಿಕೆಯಲ್ಲಿ. ಉದಾಹರಣೆಗೆ 2.4 ಮೀಟರ್ ಅಗಲ, ಅಷ್ಟೇ ಎತ್ತರದ ಒಂದು ಅಂಗಡಿ ಬಾಗಿಲನ್ನು ಎಣಿಸಬಹುದು. ಬಾಗಿಸಿದ ಪಟ್ಟಿ ಚದರ ಮೀಟರಿಗೆ ಸುಮಾರು 10 ಕಿಲೋ ತೂಗುವುದೆಂದು ಹಿಡಿದರೆ ಒಟ್ಟು ಭಾರ 58 ಕಿಲೋ. ಉರುಳೆಯ ತ್ರಿಜ್ಯ 10 ಸೆಂಟಿಮೀಟರ್, ಸುತ್ತಿನಿಂದ ಸುತ್ತಿಗೆ ಸುರುಳಿ 2 ಸೆಂಟಿಮೀಟರಿನಷ್ಟು ದಪ್ಪವಾಗುವುದೆಂದರೆ, ಇಡೀ ಬಾಗಿಲು ಮೂರು ಸುತ್ತಿನಲ್ಲಿ ಮೇಲೆ ಸೇರುತ್ತದೆ. ಪೂರ್ತಿ ಇಳಿದಾಗ ಉರುಳೆಯನ್ನು ಎಳೆಯುವ ಬಲ 5.8 ಕಿಲೋಗ್ರಾಂ-ಮೀಟರ್. ಅರ್ಧ ಏರಿದಾಗ ತೂಗುವ ಭಾರ ಅರ್ಧಕ್ಕೆ ಇಳಿಯುತ್ತದೆ, ಆದರೆ ಎಳೆತ ಅರ್ಧಕ್ಕೆ ಇಳಿಯುವುದಿಲ್ಲ. ಸುರುಳಿ ದಪ್ಪವಾಗಿ ಭಾರವು ನಡುಕೊಳವೆಯಿಂದ 13 ಸೆಂಟಿಮೀಟರ್ ದೂರಕ್ಕೆ ಸರಿದಿರುವುದರಿಂದ ಅದು ಇನ್ನೂ 3.8 ಇರುತ್ತದೆ. ಇತ್ತ ಸ್ಪ್ರಿಂಗ್ ಮೂರರಲ್ಲಿ ಒಂದೂವರೆಗಿಂತ ಹೆಚ್ಚು ಸುತ್ತನ್ನು ಆಗಲೇ ಬಿಟ್ಟುಕೊಟ್ಟಿದೆ. ಕೆಳಗೆ ಸರಿಯಾಗಿ ತೂಗುವ ಸ್ಪ್ರಿಂಗ್ ನಡುವೆ 2.7ರಷ್ಟನ್ನು ಮಾತ್ರ ಕೊಡಬಲ್ಲದು. ಉಳಿದದ್ದು, ಸುಮಾರು 8 ಕಿಲೋ, ಅಂಗಡಿಕಾರನ ತೋಳಿನ ಪಾಲು.

ಕುಶಲಕರ್ಮಿಯ ಪರಿಹಾರ ಹೀಗಿದೆ. ಬಾಗಿಲನ್ನು ಮೇಲೆ ಸುತ್ತಿದ ಸ್ಥಿತಿಯಲ್ಲಿಯೇ, ಕೊಳವೆಯನ್ನು ಪೈಪ್ ಪಾನಾದಿಂದ ಒಂದೆರಡು ಸುತ್ತು ತಿರುಚಿ ಬ್ರಾಕೆಟ್ಟಿಗೆ ಬಿಗಿಯುತ್ತಾನೆ. ಒಂದೂವರೆ ಸುತ್ತನ್ನು ಹೀಗೆ ಮೊದಲೇ ಕೊಟ್ಟು, ಅದಕ್ಕೆ ತಕ್ಕ ಮೃದುವಾದ ಸ್ಪ್ರಿಂಗನ್ನು ಆರಿಸಿದರೆ, ಮೇಲಿನ ಲೆಕ್ಕದಲ್ಲಿಯೇ ನಡುವಿನ ಬಲ 3.7ಕ್ಕೆ ಏರುತ್ತದೆ; ಭಾರ ಮತ್ತು ಬಲ ಹೆಚ್ಚುಕಡಿಮೆ ಸಮವಾಗುತ್ತವೆ. ತುದಿ ಮುಟ್ಟಿದ ಬಾಗಿಲು ತಾನಾಗಿ ಇಳಿಯದಂತೆ ಹಿಡಿಯುವುದೂ ಈ ಉಳಿಕೆಯ ತಿರುಚೇ. ಅದು ಹೆಚ್ಚಾದರೆ ಬಾಗಿಲು ಕೈಬಿಟ್ಟೊಡನೆ ಮೇಲಕ್ಕೆ ಚಿಮ್ಮುತ್ತದೆ, ಕಡಿಮೆಯಾದರೆ ಕೆಳಕ್ಕೆ ಜಾರುತ್ತದೆ. ಬಾಗಿಲು ಕೂರಿಸುವವನು ಲೆಕ್ಕ ಬರೆದು ಇದನ್ನು ನಿರ್ಧರಿಸುವುದಿಲ್ಲ. ಎರಡು ಬಾರಿ ಎಳೆದು ಬಿಟ್ಟು ಅಂಗೈಯಿಂದ ತಿಳಿಯುತ್ತಾನೆ.

ನಡುವೆ ನಿಲ್ಲುವ ಈ ಗುಣದಿಂದ ಪೇಟೆಗೆ ಒಂದು ಹೊಸ ಸ್ಥಿತಿಯೇ ಬಂತು. ಹಲಗೆ ಬಾಗಿಲಿನ ಕಾಲದಲ್ಲಿ ಅಂಗಡಿಯನ್ನು ಅರೆ ತೆರೆಯುವುದೆಂದರೆ ಒಂದೆರಡು ಹಲಗೆ ತೆಗೆದು ನೆಟ್ಟಗೆ ನಿಂತು ವ್ಯವಹರಿಸುವುದು. ಶಟರ್ ಅರ್ಧಕ್ಕೆ ನಿಂತಾಗ ಒಳಹೋಗುವವನು ಬಗ್ಗಲೇಬೇಕು. ಬಂದ್ ಕರೆಯ ದಿನ ಅರ್ಧ ಶಟರಿನ ವ್ಯಾಪಾರ ಯಾವ ಊರಿಗೂ ಅಪರಿಚಿತವಲ್ಲ.

ಪಟ್ಟಿಗಳ ಜೋಡಣೆಯನ್ನು ವಿವರಿಸಲು ಇಳಕಲ್ಲಿನಲ್ಲಿ ಹೆಚ್ಚು ಮಾತು ಬೇಕಾಗಲಾರದು. ಅಲ್ಲಿನ ಸೀರೆಯ ಒಡಲಿನ ಹಾಸುನೂಲಿಗೂ ಸೆರಗಿನ ಹಾಸುನೂಲಿಗೂ ಒಂದರ ಕುಣಿಕೆಯಲ್ಲಿ ಇನ್ನೊಂದನ್ನು ಸಿಕ್ಕಿಸುವ ವಿಧಾನಕ್ಕೆ ಕೊಂಡಿ ಎಂದು ಹೆಸರು. ಶಟರಿನ ಪ್ರತಿ ಪಟ್ಟಿಯ ಮೇಲಂಚು ಕೆಳಂಚುಗಳೂ ಹೀಗೆ ಕೊಕ್ಕೆಯಾಗಿ ಮಡಿಸಿದವು. ಒಂದರ ಕೊಕ್ಕೆಯಲ್ಲಿ ಇನ್ನೊಂದರ ಕೊಕ್ಕೆ ಉದ್ದಕ್ಕೂ ಸಿಕ್ಕಿ, ಬಾಗಲು ಎಡೆಯಿದ್ದರೂ ಬಿಡಿಸಿಕೊಳ್ಳಲು ಎಡೆಯಿರುವುದಿಲ್ಲ. ಪಟ್ಟಿಗಳು ಅಡ್ಡಕ್ಕೆ ಸರಿದು ಕಳಚದಂತೆ ತುದಿಗಳಲ್ಲಿ ಒತ್ತುಬಿಲ್ಲೆಗಳನ್ನು ಹೊಡೆಯುತ್ತಾರೆ. ಒಂದರಿಂದ ಇನ್ನೊಂದು ಹುಟ್ಟಿತೆಂದು ಹೇಳಲು ಆಧಾರವಿಲ್ಲ. ಆದರೆ ಬಟ್ಟೆಯನ್ನು ಉರುಳೆಗೆ ಸುತ್ತುತ್ತ ನೇಯುವ ಊರಿಗೆ ಸುರುಳಿಬಾಗಿಲಿನ ತರ್ಕ ಅಪರಿಚಿತವೆನಿಸಿರಲಾರದು.

ಕಟ್ಟಡದ ಮೇಲೆ ಈ ಬಾಗಿಲು ಹೇರಿದ ಶರತ್ತುಗಳು ಕಠಿಣವಾದವು. ಮೇಲಿನ ಉದಾಹರಣೆಯ ಬಾಗಿಲು ಸುತ್ತಿದಾಗ 32 ಸೆಂಟಿಮೀಟರ್ ವ್ಯಾಸದ ಉಂಡೆಯಾಗುತ್ತದೆ. ಅದಕ್ಕೆ ಹೊದಿಕೆಯೂ ಸೇರಿ ಬಾಗಿಲಿನ ನೆತ್ತಿಯಲ್ಲಿ 40 ಸೆಂಟಿಮೀಟರಿನಷ್ಟು ಜಾಗ ಬೇಕು. ತೊಲೆ ಜಂತಿಗಳ ಮೇಲೆ ಮಣ್ಣು ಹಾಸಿದ ಈ ಸೀಮೆಯ ಮಾಳಿಗೆ ಕಟ್ಟಡಗಳು ತಗ್ಗಾದವು. ಬಾಗಿಲಿನ ತಲೆಗೂ ತೊಲೆಗೂ ನಡುವೆ ಅಷ್ಟು ಅಂತರ ಸಿಗುವುದು ಕಷ್ಟ. ಎರಡು ಗಾಡಿಗಳೂ ತೂಕದ ದಾರದಷ್ಟು ನೆಟ್ಟಗೆ, ಒಂದಕ್ಕೊಂದು ಸಮಾಂತರವಾಗಿ ನಿಲ್ಲಬೇಕು. ಬಾದಾಮಿಯ ಕೆಂಪು ಮರಳುಗಲ್ಲಿನ ಒರಟು ಗೋಡೆ ಅದಕ್ಕೆ ಒಪ್ಪುವುದಿಲ್ಲ. ಪರಿಣಾಮವಾಗಿ ಶಟರ್ ಬೇಕೆಂದವನು ಬಾಗಿಲನ್ನಷ್ಟೇ ಬದಲಿಸಿದರೆ ಸಾಲದು. ಮರದ ಮೇಲ್ಕಟ್ಟನ್ನು ತೆಗೆದು ಕಾಂಕ್ರೀಟಿನ ತೊಲೆ ಹಾಕಿ, ಗೋಡೆಯ ಮುಖಕ್ಕೆ ಗಿಲಾವು ಮಾಡಿಸಬೇಕು. ಕೆತ್ತನೆಯ ಪಟ್ಟಿಕೆ, ದೀಪದ ಗೂಡು, ಅಂಗಡಿ ಮುಂದಿನ ಕಟ್ಟೆ ಈ ಹಂತದಲ್ಲಿ ಹೋಗುವ ಸಂಭವವೇ ಹೆಚ್ಚು. ಅಂಗಡಿ ಮುಚ್ಚಿದ ಮೇಲೆಯೂ ಕಟ್ಟೆ ಕೂರುವವರಿಗೆ ಒದಗುತ್ತಿತ್ತು. ಗಾಡಿಗೆ ನೇರವಾಗಿ ನೆಲ ಮುಟ್ಟುವ ಶಟರಿನ ಮುಂದೆ ರಾತ್ರಿ ಕೂರಲು ಜಾಗವಿರುವುದಿಲ್ಲ. ಒಳಗಣ ಗಾಳಿಗೂ ಇದು ಅನ್ವಯಿಸುತ್ತದೆ. ಹಲಗೆಗಳ ಸಂದಿನಲ್ಲಿ ಗಾಳಿಯಾಡುತ್ತಿತ್ತು. ಪಡುವಣಕ್ಕೆ ಮುಖವಿರುವ ತಗಡಿನ ಬಾಗಿಲು ಬೇಸಗೆಯ ಸಂಜೆ ಮುಟ್ಟಲಾಗದಷ್ಟು ಕಾಯುತ್ತದೆ.

ಬಾಗಲಕೋಟೆಯಲ್ಲಿ ಈ ಬದಲಾವಣೆಗೆ ಬೇರೆಯದೇ ಹಿನ್ನೆಲೆಯಿದೆ. ಆಲಮಟ್ಟಿ ಜಲಾಶಯದ ಹಿನ್ನೀರು ಘಟಪ್ರಭೆಯ ದಂಡೆಯ ಹಳೆಯ ಊರಿನ ಒಂದು ಭಾಗವನ್ನು ಮುಳುಗಡೆಗೆ ಒಳಪಡಿಸಿತು. ಪುನರ್ವಸತಿಗಾಗಿ ರೂಪುಗೊಂಡ ನವನಗರದ ಯೋಜನೆಯಲ್ಲಿ 1980ರ ದಶಕದಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಪಾತ್ರ ವಹಿಸಿದರು. 1997ರಲ್ಲಿ ಪ್ರತ್ಯೇಕ ಜಿಲ್ಲೆಯಾದ ಮೇಲೆ ಜಿಲ್ಲಾಡಳಿತವೂ ಅಲ್ಲಿಯೇ ನೆಲೆಗೊಂಡಿತು. ಬಾದಾಮಿ, ಹುನಗುಂದ, ಇಳಕಲ್ಲುಗಳಲ್ಲಿ ಶಟರು ಹಳೆಯ ಗೋಡೆಯೊಡನೆ ಗುದ್ದಾಡಿ ಒಂದೊಂದಾಗಿ ಒಳಬಂದರೆ, ಸೆಕ್ಟರುಗಳಾಗಿ ಹಂಚಿದ ನವನಗರದಲ್ಲಿ ಗೋಡೆಯನ್ನು ಶಟರಿನ ಅಳತೆಗೇ ಕಟ್ಟಲು ಅವಕಾಶವಿತ್ತು. ಮಳಿಗೆ ಎಂಬ ಮಾತಿಗೆ ಅಲ್ಲಿ ಮೂರು ಗೋಡೆ ಮತ್ತು ಒಂದು ಶಟರ್ ಎಂದೇ ಅರ್ಥ ಬಂದಿದೆ.

ಸ್ಪ್ರಿಂಗ್ ಎಂಬುದು ದಣಿಯುವ ವಸ್ತು. ದಿನಕ್ಕೆ ಎರಡು ಬಾರಿಯೆಂದರೂ ವರ್ಷಕ್ಕೆ ಏಳುನೂರಕ್ಕೂ ಹೆಚ್ಚು ಸಲ ತಿರುಚಿ ಬಿಚ್ಚುವ ತಂತಿ ಒಂದು ದಿನ ಮುರಿಯುತ್ತದೆ. ತಿರುಗುಣಿ ಸವೆದರೆ ಕದ ಕಿರುಗುಟ್ಟಿ ಎಚ್ಚರಿಸುತ್ತದೆ, ಹಲಗೆ ಕೊಳೆತರೆ ಕಣ್ಣಿಗೆ ಕಾಣುತ್ತದೆ. ಕೊಳವೆಯ ಸುತ್ತ ಅಡಗಿದ ಸ್ಪ್ರಿಂಗು ಸವೆದದ್ದು ಹೊರಗೆ ತಿಳಿಯುವುದಿಲ್ಲ. ಮುರಿದ ಕ್ಷಣದಲ್ಲಿ ಬಾಗಿಲು ಮೇಲಿದ್ದರೆ ಅದು ಬೀಳುತ್ತದೆ, ಕೆಳಗಿದ್ದರೆ ಅರುವತ್ತು ಕಿಲೋ ಭಾರದ ಗೋಡೆಯಾಗಿ ನಿಲ್ಲುತ್ತದೆ. ಒಂದಕ್ಕಿಂತ ಹೆಚ್ಚು ಸ್ಪ್ರಿಂಗುಗಳನ್ನು ಬಿಡಿಬಿಡಿಯಾಗಿ ಕೂರಿಸುವುದರಲ್ಲಿ ಈ ಕಾರಣವೂ ಅಡಗಿದೆ: ಒಂದು ಹೋದರೂ ಉಳಿದವು ಬಾಗಿಲನ್ನು ಭಾಗಶಃ ಹಿಡಿಯುತ್ತವೆ. ಎಳೆತ ದಿನದಿಂದ ದಿನಕ್ಕೆ ಬಿಗಿಯಾಗುತ್ತಿದ್ದರೆ, ಬಾಗಿಲು ಒಂದು ಮಗ್ಗುಲಿಗೆ ವಾಲುತ್ತಿದ್ದರೆ ಅದೇ ಸೂಚನೆ. ಈ ಬಯಲುಸೀಮೆಯ ಧೂಳು ಗಾಡಿಯೊಳಗಿನ ಎಣ್ಣೆಯೊಡನೆ ಕಲಸಿ ಗಟ್ಟಿಯಾದಾಗಲೂ ಇದೇ ಲಕ್ಷಣ ಕಾಣುವುದರಿಂದ, ಗಾಡಿಯನ್ನು ಒರೆಸಿ ನೋಡಿದ ಮೇಲಷ್ಟೇ ಸ್ಪ್ರಿಂಗಿನ ದೋಷವನ್ನು ನಿರ್ಣಯಿಸಬೇಕಾಗುತ್ತದೆ. ತಿರುಚು ಉಳಿದಿರುವ ಕೊಳವೆಯ ಬಿಗಿತವನ್ನು ಅರಿಯದವರು ಸಡಿಲಿಸಿದರೆ ಪಾನಾ ಕೈಯನ್ನು ಮುರಿಯಬಲ್ಲದು.

ಈ ತಿಳಿವಳಿಕೆ ಇಂದು ವೆಲ್ಡಿಂಗ್ ಅಂಗಡಿಗಳಲ್ಲಿ ಬಾಯಿಮಾತಾಗಿ ಉಳಿದಿದೆ. ಮೋಟಾರಿನ ಶಟರುಗಳು ಬಂದಿರುವುದರಿಂದ ಕೈಯಳತೆಯ ತಿರುಚಿನ ಲೆಕ್ಕವೂ ಮುಂದೆ ಅಪರೂಪವಾಗಬಹುದು. ಹಲಗೆ ಬಾಗಿಲಿನ ಮಟ್ಟಿಗೆ ಇರುವ ಅವಧಿ ಇನ್ನೂ ಕಿರಿದು. ಹಳೆಯ ಪೇಟೆಗಳಲ್ಲಿ ಅಲ್ಲೊಂದು ಇಲ್ಲೊಂದು ಉಳಿದಿರುವ ಇಂಥ ಬಾಗಿಲುಗಳಲ್ಲಿ ದಾಖಲಾಗಬೇಕಾದವು ಐದು: ಮೇಲಿನ ಮತ್ತು ಕೆಳಗಿನ ಗಾಡಿಯ ಆಳ, ಹಲಗೆಗಳ ಸಂಖ್ಯೆ ಮತ್ತು ಅಗಲ, ಮರದ ಜಾತಿ, ಬೀಗದ ಪಟ್ಟಿಯ ಬಗೆ, ಹಲಗೆಯ ಮೇಲಿನ ಅಂಕಿಗಳ ಲಿಪಿ. ಕನ್ನಡ, ಮೋಡಿ, ಇಂಗ್ಲಿಷ್ ಅಂಕಿಗಳಲ್ಲಿ ಯಾವುದು ಎಲ್ಲಿ ಬಳಕೆಯಲ್ಲಿತ್ತೆಂಬುದು ತಿಳಿದರೆ ಮುಂಬಯಿ ಕರ್ನಾಟಕದ ಪೇಟೆಯ ಲೆಕ್ಕಪತ್ರಗಳ ಭಾಷೆಯನ್ನು ಕುರಿತೂ ಒಂದು ಸುಳಿವು ದೊರೆಯುತ್ತದೆ.