ಎರಡು ಅಲೆಗಳ ದ್ವೀಪ

ಇಂಡೋನೇಷ್ಯಾ ಎಂದೊಡನೆ ನಮ್ಮವರಿಗೆ ನೆನಪಾಗುವುದು ಬಾಲಿ. ಹಲಗೆಯ ಮೇಲೆ ನಿಂತು ಅಲೆಯ ಮೈಮೇಲೆ ಜಾರುವ ಸರ್ಫಿಂಗ್ ಆಟದವರಿಗೂ ಮೊದಲು ನೆನಪಾಗುವುದು ಅದೇ. ಆದ್ದರಿಂದಲೇ ಬಾಲಿಯ ಕಡಲತೀರಗಳಲ್ಲಿ ಒಂದೊಂದು ಅಲೆಗೂ ಹತ್ತಾರು ಜನ ಕಾದು ಕುಳಿತಿರುತ್ತಾರೆ. ಅದೇ ದೇಶದ ಪಶ್ಚಿಮ ತುದಿಯಲ್ಲಿ, ಸುಮಾತ್ರಾದ ಕರೆಯಿಂದ ಸುಮಾರು 150 ಕಿ.ಮೀ. ಆಚೆ, ಹಿಂದೂ ಮಹಾಸಾಗರದಲ್ಲಿ ಸಿಮೆಲೂ ಎಂಬ ದ್ವೀಪವಿದೆ. ಉದ್ದ ಸುಮಾರು ನೂರು ಕಿ.ಮೀ., ಅಗಲ ತೀರಾ ಕಡಿಮೆ. ಅದರ ನೈಋತ್ಯ ಕರಾವಳಿಯಲ್ಲಿ ಬಾಲಿಗೆ ಸರಿಸಾಟಿಯಾದ ಅಲೆಗಳು ಒಂದರ ಹಿಂದೊಂದು ಬಂದು ಒಡೆಯುತ್ತವೆ. ನೋಡುವವರೇ ಇಲ್ಲ. ತೆಂಗಿನ ಮರಗಳು, ಮರಳಿನ ಮೇಲೆ ಅಡ್ಡಾಡುವ ಎಮ್ಮೆಗಳು, ಹವಳದ ದಿಬ್ಬದ ಮೇಲೆ ಒಡೆಯುವ ನೊರೆ. ನೀರಿನಲ್ಲಿ ಹೆಚ್ಚೆಂದರೆ ನಾಲ್ಕೈದು ಜನ ಆಟಗಾರರು.

ಸಿಮೆಲೂ ಆಚೆ ಪ್ರಾಂತ್ಯಕ್ಕೆ ಸೇರಿದ ಜಿಲ್ಲೆ. ಸಿನಬಾಂಗ್ ಅದರ ಮುಖ್ಯ ಪಟ್ಟಣ. ಜನರ ಕಸುಬು ಮೀನುಗಾರಿಕೆ, ತೆಂಗು, ಲವಂಗ. ಇಲ್ಲಿಗೆ ಹೋಗುವ ಸರ್ಫಿಂಗ್ ಆಟಗಾರ ಹುಡುಕಿಕೊಂಡು ಹೋಗುವುದು ಒಂದು ಅಲೆಯನ್ನು. ಅಲ್ಲಿನ ಮಕ್ಕಳು ಹುಟ್ಟಿದಾಗಿನಿಂದ ಕೇಳುತ್ತ ಬೆಳೆಯುವುದು ಇನ್ನೊಂದು ಅಲೆಯ ವಿಷಯವನ್ನು. ಎರಡೂ ಅದೇ ಕಡಲಿನವು. ಆದರೆ ಒಂದನ್ನು ಹುಟ್ಟಿಸುವುದು ಗಾಳಿ, ಇನ್ನೊಂದನ್ನು ಭೂಮಿ.

ಐದು ದಿನದ ಪ್ರಯಾಣ

ಮೊದಲು ಗಾಳಿಯ ಅಲೆಯನ್ನು ನೋಡೋಣ. ಸಿಮೆಲೂ ಇರುವುದು ಭೂಮಧ್ಯರೇಖೆಯ ಪಕ್ಕದಲ್ಲೇ. ಅಲ್ಲಿ ದೊಡ್ಡ ಬಿರುಗಾಳಿಗಳು ಅಪರೂಪ. ಹಾಗಾದರೆ ಗಾಳಿಯೇ ಇಲ್ಲದ ಬೆಳಗಿನಲ್ಲೂ ಎರಡಾಳೆತ್ತರದ ಅಲೆ ಎಲ್ಲಿಂದ ಬರುತ್ತದೆ?

ಉತ್ತರ ಬಹಳ ದೂರದಲ್ಲಿದೆ. ದಕ್ಷಿಣ ಗೋಲಾರ್ಧದಲ್ಲಿ 40ರಿಂದ 60 ಡಿಗ್ರಿ ಅಕ್ಷಾಂಶಗಳ ನಡುವೆ, ಅಂಟಾರ್ಕ್ಟಿಕಾದ ಸುತ್ತ, ಗಾಳಿಯನ್ನು ತಡೆಯುವ ನೆಲ ಹೆಚ್ಚೇನೂ ಇಲ್ಲ. ಅಲ್ಲಿಯ ಚಳಿಗಾಲದಲ್ಲಿ, ಅಂದರೆ ನಮ್ಮ ಮಳೆಗಾಲದ ತಿಂಗಳುಗಳಲ್ಲಿ, ಬಿರುಗಾಳಿಗಳು ಒಂದರ ಬೆನ್ನಿಗೊಂದು ಸುತ್ತುತ್ತಲೇ ಇರುತ್ತವೆ. ಅವು ಎಬ್ಬಿಸಿದ ಅಲೆಗಳಲ್ಲಿ ಗಿಡ್ಡ ಅಲೆಗಳು ದಾರಿಯಲ್ಲೇ ಕರಗಿಹೋಗುತ್ತವೆ. ಉದ್ದನೆಯವು ಸಾವಿರಾರು ಕಿ.ಮೀ. ಸಾಗುತ್ತವೆ. ಇಂಗ್ಲಿಷಿನಲ್ಲಿ ಇವಕ್ಕೆ ಸ್ವೆಲ್ ಎನ್ನುತ್ತಾರೆ. ನಾವು ಉಬ್ಬಲೆ ಎನ್ನಬಹುದು.

ವಿದ್ಯಾರ್ಥಿಗಳು ಕಾಗದ ಪೆನ್ಸಿಲ್ ಹಿಡಿದು ಒಂದು ಲೆಕ್ಕ ಮಾಡಬಹುದು. ಒಂದು ಅಲೆಯ ತುದಿ ಹಾದ ಮೇಲೆ ಮುಂದಿನ ತುದಿ ಬರಲು 16 ಸೆಕೆಂಡ್ ಹಿಡಿಯುತ್ತದೆ ಎಂದುಕೊಳ್ಳಿ. ಆಳವಾದ ನೀರಿನಲ್ಲಿ ಈ ಕಾಲವನ್ನು 1.56ರಿಂದ ಗುಣಿಸಿದರೆ ಅಲೆಯ ವೇಗ ಸಿಗುತ್ತದೆ: ಸೆಕೆಂಡಿಗೆ ಸುಮಾರು 25 ಮೀಟರ್, ಗಂಟೆಗೆ 90 ಕಿ.ಮೀ. ಇಲ್ಲೊಂದು ಸ್ವಾರಸ್ಯವಿದೆ. ಆಳದ ನೀರಿನಲ್ಲಿ ಅಲೆಗಳ ಗುಂಪು ಒಂಟಿ ಅಲೆಯ ಅರ್ಧ ವೇಗದಲ್ಲಷ್ಟೇ ಮುಂದೆ ಸರಿಯುತ್ತದೆ. ಶಕ್ತಿ ಸಾಗುವುದು ಗುಂಪಿನ ಜೊತೆಗೆ, ಗಂಟೆಗೆ 45 ಕಿ.ಮೀ. ವೇಗದಲ್ಲಿ. ಬಿರುಗಾಳಿ ದಕ್ಷಿಣದ 50 ಡಿಗ್ರಿಯಲ್ಲಿ, ಸಿಮೆಲೂ ಉತ್ತರದ ಎರಡೂವರೆ ಡಿಗ್ರಿಯಲ್ಲಿ. ಒಂದು ಡಿಗ್ರಿಗೆ 111 ಕಿ.ಮೀ.ನಂತೆ ನಡುವಿನ ದೂರ ಸುಮಾರು 5,800 ಕಿ.ಮೀ. ಭಾಗಿಸಿದರೆ ಬರುವ ಉತ್ತರ ಐದು ದಿನಕ್ಕೂ ಸ್ವಲ್ಪ ಹೆಚ್ಚು. ಸೋಮವಾರ ಅಂಟಾರ್ಕ್ಟಿಕಾದ ಕಡೆ ಎದ್ದ ಗಾಳಿಯ ಫಲ ಸಿಮೆಲೂ ತೀರಕ್ಕೆ ಮುಟ್ಟುವುದು ಶನಿವಾರ. ಸರ್ಫಿಂಗ್ ಆಟಗಾರರು ಹವಾಮಾನದ ನಕ್ಷೆ ನೋಡಿ ವಾರದ ಮೊದಲೇ ಸಿದ್ಧರಾಗುವುದು ಈ ಲೆಕ್ಕದ ಮೇಲೆಯೇ.

ಐದು ದಿನ ಸಾಗಿ ಬಂದದ್ದು ನೀರಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಗಾಳಿ ಬೀಸಿದಾಗ ಭತ್ತದ ಗದ್ದೆಯಲ್ಲಿ ಅಲೆ ಓಡುತ್ತದೆ, ಪೈರು ಮಾತ್ರ ಬೇರು ಬಿಟ್ಟ ಜಾಗದಲ್ಲೇ ತೂಗುತ್ತದೆ. ಕಡಲಿನ ನೀರೂ ಹಾಗೆಯೇ, ಇದ್ದಲ್ಲೇ ಸುತ್ತು ಹಾಕುತ್ತದೆ. ಮುಂದೆ ಹೋಗುವುದು ಶಕ್ತಿ.

ಈ ಅಲೆಯ ಉದ್ದ ಸುಮಾರು 400 ಮೀಟರ್. ನೀರಿನ ಆಳ ಅದರ ಅರ್ಧಕ್ಕೆ, ಅಂದರೆ 200 ಮೀಟರಿಗೆ ಇಳಿದೊಡನೆ ಅಲೆಗೆ ತಳ ತಾಗತೊಡಗುತ್ತದೆ. ವೇಗ ತಗ್ಗುತ್ತದೆ, ಹಿಂದಿನ ಅಲೆ ಹತ್ತಿರ ಬರುತ್ತದೆ, ಎತ್ತರ ಏರುತ್ತದೆ. ಕೊನೆಗೆ ನೀರಿನ ಆಳ ಅಲೆಯ ಎತ್ತರದ ಸುಮಾರು 1.3 ಪಟ್ಟು ಉಳಿದಾಗ ಅದು ಮಗುಚಿ ಒಡೆಯುತ್ತದೆ. ಸಿಮೆಲೂ ತೀರದಲ್ಲಿ ಒಡೆಯುವ ಜಾಗ ಹವಳದ ದಿಬ್ಬ. ದಿಬ್ಬ ಕದಲುವುದಿಲ್ಲ, ಆದ್ದರಿಂದ ಅಲೆ ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ ಸುರುಳಿಯಾಗುತ್ತದೆ. ನಮ್ಮ ದಕ್ಷಿಣ ಕನ್ನಡದ ಮುಲ್ಕಿ, ಸಸಿಹಿತ್ಲುಗಳಲ್ಲೂ ಈಗ ಸರ್ಫಿಂಗ್ ನಡೆಯುತ್ತದೆ. ಅಲ್ಲಿ ತಳ ಮರಳಿನದು, ನದಿಯೂ ಮಳೆಗಾಲವೂ ಮರಳನ್ನು ಸರಿಸುತ್ತಿರುವುದರಿಂದ ಅಲೆ ಒಡೆಯುವ ಜಾಗವೂ ಬದಲಾಗುತ್ತಿರುತ್ತದೆ. ದಕ್ಷಿಣ ಸಾಗರದ ಉಬ್ಬಲೆಗಳು ನಮ್ಮ ಪಶ್ಚಿಮ ಕರಾವಳಿಗೂ ಬಾರದಿರುವುದಿಲ್ಲ. ಗಾಳಿ ಮಳೆಯ ಸುಳಿವೇ ಇಲ್ಲದ ದಿನ ಸಮುದ್ರ ಉಕ್ಕಿ ದಡದ ಮನೆಗಳಿಗೆ ನುಗ್ಗುವುದನ್ನು ಕೇರಳದವರು ‘ಕಳ್ಳಕ್ಕಡಲ್’, ಎಂದರೆ ಕಳ್ಳ ಕಡಲು, ಎಂದು ಕರೆಯುವುದು ಇದನ್ನೇ.

ಇನ್ನೊಂದು ಅಲೆ

ಸಿಮೆಲೂ ದ್ವೀಪದ ಪಶ್ಚಿಮಕ್ಕೆ ಕಡಲಡಿಯಲ್ಲಿ ಆಳವಾದ ಕಂದಕವಿದೆ. ಅಲ್ಲಿ ಹಿಂದೂ ಮಹಾಸಾಗರದ ತಳದ ಶಿಲಾಫಲಕ ಸುಮಾತ್ರಾದ ಅಡಿಗೆ ವರ್ಷಕ್ಕೆ ಸುಮಾರು 5 ಸೆಂ.ಮೀ.ನಂತೆ ನುಗ್ಗುತ್ತಿದೆ. ಕೈಬೆರಳಿನ ಉಗುರು ಬೆಳೆಯುವ ವೇಗಕ್ಕಿಂತ ತುಸು ಹೆಚ್ಚು, ಅಷ್ಟೆ. ಎರಡು ಫಲಕಗಳೂ ಒಂದಕ್ಕೊಂದು ಕಚ್ಚಿಕೊಂಡಿರುವುದರಿಂದ ಮೇಲಿನದು ಬಿಲ್ಲಿನಂತೆ ಬಾಗುತ್ತ ಹೋಗುತ್ತದೆ. ಹಲವು ದಶಕ, ಕೆಲವೊಮ್ಮೆ ಶತಮಾನಗಳ ಬಳಿಕ ಹಿಡಿತ ತಪ್ಪಿದಾಗ ಬಿಲ್ಲು ಒಮ್ಮೆಲೇ ಚಿಮ್ಮುತ್ತದೆ. ಕಡಲ ತಳ ಮೇಲೆದ್ದರೆ ಅದರ ಮೇಲಿನ ಅಷ್ಟೂ ನೀರು, ತಳದಿಂದ ಮೇಲ್ಮೈವರೆಗೆ, ಏಳಲೇಬೇಕು. ಅದೇ ಸುನಾಮಿ.

‘ಸುನಾಮಿಯ ಮೇಲೆ ಸರ್ಫಿಂಗ್ ಮಾಡಬಹುದೇ?’ ಎಂದು ಮಕ್ಕಳು ಕೇಳುವುದುಂಟು. ಪ್ರಶ್ನೆ ಪೆದ್ದಲ್ಲ. ಗಾಳಿಯ ಅಲೆ 16 ಸೆಕೆಂಡಿಗೊಮ್ಮೆ ಬರುತ್ತದೆ. ಸುನಾಮಿಯ ಒಂದು ಅಲೆಗೂ ಇನ್ನೊಂದಕ್ಕೂ ನಡುವೆ ಹತ್ತು ನಿಮಿಷದಿಂದ ಒಂದು ಗಂಟೆಯವರೆಗೆ ಅಂತರವಿರಬಹುದು. ನಾಲ್ಕು ಸಾವಿರ ಮೀಟರ್ ಆಳದ ಸಾಗರದಲ್ಲಿ ಅದರ ವೇಗ ಗಂಟೆಗೆ ಸುಮಾರು 700 ಕಿ.ಮೀ. ದಡಕ್ಕೆ ಬಂದಾಗ ಅದು ಸುರುಳಿಯಾಗಿ ಒಡೆದು ಹಿಂದೆ ಸರಿಯುವ ಅಲೆಯಲ್ಲ. ಕೆರೆಯ ಏರಿ ಒಡೆದಂತೆ ನಿಮಿಷಗಟ್ಟಲೆ ಒಳನುಗ್ಗುತ್ತಲೇ ಇರುವ ಪ್ರವಾಹ. ಮರ, ಮನೆ, ದೋಣಿ ಎಲ್ಲವೂ ಅದರೊಳಗಿರುತ್ತವೆ. ಹಲಗೆ ಹಾಕಿ ಜಾರಲು ಅಲ್ಲಿ ಇಳಿಜಾರೇ ಇರುವುದಿಲ್ಲ.

1907ರ ಜನವರಿ 4ರಂದು ಸಿಮೆಲೂ ಇಂಥದೊಂದನ್ನು ಕಂಡಿತು. ಭೂಮಿ ನಡುಗಿತು, ಕಡಲು ಹಿಂದೆ ಸರಿಯಿತು, ಬಳಿಕ ನುಗ್ಗಿ ಬಂತು. ದ್ವೀಪದ ಜನರಲ್ಲಿ ದೊಡ್ಡ ಪಾಲು ಸತ್ತುಹೋಯಿತು. ಉಳಿದವರು ಅದನ್ನು ‘ಸ್ಮೊಂಗ್’ ಎಂದು ಕರೆದರು. ಇಂಡೋನೇಷ್ಯಾದ ಭಾಷೆಯಲ್ಲಿ ನಮಗೆ ಪರಿಚಿತವಾದ ಶಬ್ದಗಳು ಬಹಳ: ಹಿಂದೂ ಮಹಾಸಾಗರ ಅವರಿಗೆ ‘ಸಮುದೆರಾ ಹಿಂದಿಯಾ’, ಭೂಕಂಪಕ್ಕೆ ‘ಗೆಂಪಾ ಬೂಮಿ’. ಸ್ಮೊಂಗ್ ಮಾತ್ರ ಆ ದ್ವೀಪದ್ದೇ ಶಬ್ದ, ಅಲ್ಲಿಯ ದೆವಾಯನ್ ಭಾಷೆಯದು. ಅದರ ಅರ್ಥ ಬರೀ ‘ದೊಡ್ಡ ಅಲೆ’ ಎಂದಲ್ಲ. ಭೂಮಿ ಜೋರಾಗಿ ನಡುಗಿ, ಕಡಲು ಹಿಂದೆ ಸರಿದರೆ, ಸಾಮಾನು ಸರಂಜಾಮು ಎಂದು ನೋಡದೆ ಗುಡ್ಡಕ್ಕೆ ಓಡು ಎಂಬಷ್ಟೂ ಆ ಒಂದು ಶಬ್ದದೊಳಗಿದೆ.

ಅಜ್ಜ ಅಜ್ಜಿಯರು ಮೊಮ್ಮಕ್ಕಳಿಗೆ ಸಂಜೆ ಹೊತ್ತು ಹೇಳುವ ಕಥೆಗಳಲ್ಲಿ, ಲಾಲಿ ಹಾಡುಗಳಲ್ಲಿ ಸ್ಮೊಂಗ್ ಬಂತು. ಸಣ್ಣಪುಟ್ಟ ಕಂಪನವಾದಾಗಲೆಲ್ಲ ಮನೆಯ ಹಿರಿಯರು ಅದನ್ನು ಮತ್ತೆ ನೆನಪಿಸಿದರು. ಮೂರು ತಲೆಮಾರು ಕಳೆಯಿತು. 1907ನ್ನು ಕಣ್ಣಾರೆ ಕಂಡವರು ಒಬ್ಬೊಬ್ಬರಾಗಿ ತೀರಿಕೊಂಡರು. ಇಷ್ಟಾದರೂ ಮಾತು ಉಳಿಯಿತು.

2004ರ ಡಿಸೆಂಬರ್ 26, ಭಾನುವಾರ. 1907ರ ದುರಂತಕ್ಕೆ 98 ವರ್ಷ ತುಂಬಲು ಒಂಬತ್ತೇ ದಿನ ಬಾಕಿ. ಬೆಳಿಗ್ಗೆ 7 ಗಂಟೆ 58 ನಿಮಿಷಕ್ಕೆ 9.1 ಪ್ರಮಾಣದ ಭೂಕಂಪ. ಅದರ ಕೇಂದ್ರ ಸಿಮೆಲೂ ದ್ವೀಪದ ಉತ್ತರಕ್ಕೆ, ತೀರಾ ಸಮೀಪದಲ್ಲೇ. ಉತ್ತರ ತುದಿಯ ಲಾಂಗಿ ಎಂಬ ಹಳ್ಳಿಗೆ, ನೆಲದ ನಡುಕ ನಿಂತು ಎಂಟು ನಿಮಿಷ ಆಗುವಷ್ಟರಲ್ಲಿ ಹತ್ತು ಮೀಟರಿಗೂ ಎತ್ತರದ ನೀರು ಬಂತು. ಹಳ್ಳಿಯ ಮನೆಗಳೆಲ್ಲ ಕೊಚ್ಚಿಹೋದವು. ಆದರೆ ಅಲ್ಲಿಯ ಸುಮಾರು ಎಂಟುನೂರು ಜನರಲ್ಲಿ ಒಬ್ಬರೂ ಸಾಯಲಿಲ್ಲ. ಎಲ್ಲರೂ ಆಗಲೇ ಗುಡ್ಡದ ಮೇಲಿದ್ದರು. ಇಡೀ ದ್ವೀಪದ ಜನಸಂಖ್ಯೆ ಆಗ ಸುಮಾರು 78 ಸಾವಿರ. ಸತ್ತವರು ಏಳು ಜನ. ಅದೇ ಆಚೆ ಪ್ರಾಂತ್ಯದ ಮುಖ್ಯ ಭೂಭಾಗದಲ್ಲಿ ಒಂದೂವರೆ ಲಕ್ಷಕ್ಕೂ ಮಿಕ್ಕಿ ಜನ ಪ್ರಾಣ ಕಳೆದುಕೊಂಡರು. ಹಿಂದೂ ಮಹಾಸಾಗರಕ್ಕೆ ಆಗ ಮುನ್ನೆಚ್ಚರಿಕೆ ವ್ಯವಸ್ಥೆಯೇ ಇರಲಿಲ್ಲ. ಇದ್ದಿದ್ದರೂ ಎಂಟು ನಿಮಿಷದಲ್ಲಿ ಲಾಂಗಿಗೆ ಸುದ್ದಿ ಮುಟ್ಟಿಸಿ ಜನರನ್ನು ಎಬ್ಬಿಸುವುದು ಯಾವ ಯಂತ್ರಕ್ಕೂ ಸುಲಭವಿರಲಿಲ್ಲ.

ಮಾತೊಂದೇ ಎಲ್ಲರನ್ನೂ ಉಳಿಸಿತು ಎಂದುಬಿಟ್ಟರೆ ವಿಜ್ಞಾನಕ್ಕೆ ಅನ್ಯಾಯವಾಗುತ್ತದೆ. ಸಿಮೆಲೂ ಹಳ್ಳಿಗಳ ಬೆನ್ನಿಗೇ ಗುಡ್ಡಗಳಿವೆ, ಓಡಲು ಜಾಗ ಹತ್ತಿರವಿತ್ತು. ಆಚೆಯ ಬಯಲು ನಗರದಲ್ಲಿ ಅದಿರಲಿಲ್ಲ. ಆದರೆ ಗುಡ್ಡ ಇದ್ದ ಮಾತ್ರಕ್ಕೆ ಜನ ಹತ್ತುವುದಿಲ್ಲ. ಆ ದಿನ ಹಲವು ದೇಶಗಳ ತೀರಗಳಲ್ಲಿ ಕಡಲು ಹಿಂದೆ ಸರಿದಾಗ ಜನ ಸೋಜಿಗದಿಂದ ನೋಡುತ್ತ ನಿಂತರು, ಕೆಲವರು ಮೀನು ಹೆಕ್ಕಲು ಇಳಿದರು. ಥಾಯ್ಲೆಂಡಿನ ಫುಕೆಟ್‌ನ ಒಂದು ತೀರದಲ್ಲಿ ಮಾತ್ರ ಹತ್ತು ವರ್ಷದ ಇಂಗ್ಲಿಷ್ ಬಾಲಕಿ ಟಿಲ್ಲಿ ಸ್ಮಿತ್ ಹಟ ಹಿಡಿದು ಹೆತ್ತವರನ್ನು ಎಬ್ಬಿಸಿದಳು. ಎರಡೇ ವಾರದ ಹಿಂದೆ ಶಾಲೆಯ ಭೂಗೋಳದ ತರಗತಿಯಲ್ಲಿ ಸುನಾಮಿಯ ಪಾಠವಾಗಿತ್ತು. ನೀರು ನೊರೆಗಟ್ಟಿ ವಿಚಿತ್ರವಾಗಿ ವರ್ತಿಸುತ್ತಿದ್ದುದನ್ನು ಕಂಡು ಅವಳು ಗುರುತು ಹಿಡಿದಳು. ಹೆತ್ತವರು ಮೊದಲು ನಂಬಲಿಲ್ಲ. ಕೊನೆಗೆ ನಂಬಿ ಇತರರಿಗೂ ತಿಳಿಸಿದ್ದರಿಂದ ಆ ತೀರದಲ್ಲಿ ಸುಮಾರು ನೂರು ಜನ ಬದುಕಿದರು.

ಸ್ಮೊಂಗ್ ಪಾಠಕ್ಕೂ ಮಿತಿಯಿದೆ. 2006ರ ಜುಲೈ 17ರಂದು ಜಾವಾದ ಪಂಗಂದರಾನ್ ಕಡಲತೀರದಲ್ಲಿ ನಡುಕ ಬಲು ಮೆಲ್ಲಗಿತ್ತು. ಹಲವರಿಗೆ ಗೊತ್ತೇ ಆಗಲಿಲ್ಲ. ಜಾವಾದ ದಕ್ಷಿಣ ತೀರದಲ್ಲಿ ಆರುನೂರಕ್ಕೂ ಹೆಚ್ಚು ಜನ ಸತ್ತರು. 2018ರ ಡಿಸೆಂಬರ್ 22ರ ರಾತ್ರಿ ಅನಕ್ ಕ್ರಕಟೋವ ಜ್ವಾಲಾಮುಖಿಯ ಮೈ ಕುಸಿದು ಕಡಲಿಗೆ ಬಿದ್ದಾಗ ಭೂಕಂಪದ ಸುಳಿವೇ ಇರಲಿಲ್ಲ. ಬಂದ ಅಲೆಗೆ ನಾನೂರಕ್ಕೂ ಹೆಚ್ಚು ಜನ ಬಲಿಯಾದರು. ಜೋರಾಗಿ ನಡುಗುವುದೊಂದನ್ನೇ ಕಾಯಬಾರದು. ನಡುಕ ಮೆಲ್ಲಗಿದ್ದರೂ ಅರ್ಧ ನಿಮಿಷ, ಒಂದು ನಿಮಿಷ ಎಳೆದರೆ, ಅಥವಾ ಕಡಲಿನ ಮಟ್ಟ ಇದ್ದಕ್ಕಿದ್ದಂತೆ ಏರಿದರೆ ಇಳಿದರೆ, ಅದನ್ನೂ ಸೂಚನೆಯೆಂದೇ ತಿಳಿಯಬೇಕು. ಹಳೆಯ ಮಾತಿಗೆ ಹೊಸ ತಿಳಿವಳಿಕೆ ಸೇರಿಸಬೇಕಾದ ಜಾಗ ಇದು. ಸೈರನ್, ಮೊಬೈಲ್ ಇರುವಾಗ ಅಜ್ಜಿಯ ಕಥೆ ಏಕೆ ಎನ್ನುವ ಮಕ್ಕಳು ಸಿಮೆಲೂ ದ್ವೀಪದಲ್ಲೂ ಬೆಳೆಯುತ್ತಿರಬಹುದು. ಕಥೆ ಹೇಳುವ ಸಂಜೆಗಳು ಎಲ್ಲ ಕಡೆಯೂ ಕಡಿಮೆಯಾಗುತ್ತಿವೆ.

ಮೇಲೆದ್ದ ಹವಳ

ಮೂರು ತಿಂಗಳ ಬಳಿಕ, 2005ರ ಮಾರ್ಚ್ 28ರ ರಾತ್ರಿ ಇನ್ನೊಂದು ಭೂಕಂಪವಾಯಿತು. ಪ್ರಮಾಣ 8.6. ಮೊದಲನೆಯದರಲ್ಲಿ ಸಿಮೆಲೂ ದ್ವೀಪದ ಉತ್ತರ ಭಾಗ ಒಂದೂವರೆ ಮೀಟರಿನಷ್ಟು ಮೇಲೆದ್ದಿತ್ತು. ಈ ಸಲ ದಕ್ಷಿಣ ಭಾಗ ಎದ್ದಿತು. ನಿನ್ನೆಯವರೆಗೆ ನೀರಿನಡಿ ಇದ್ದ ಹವಳದ ದಿಬ್ಬ ಬೆಳಗಾಗುವಾಗ ಬಿಸಿಲಿನಲ್ಲಿ ನಿಂತಿತ್ತು. ಹವಳ ಎಂದರೆ ಜೀವಿ. ಸುಮಾರು 300 ಕಿ.ಮೀ. ಕರಾವಳಿಯ ಉದ್ದಕ್ಕೂ ಅದು ಒಣಗಿ ಬಿಳಿಚಿ ಸತ್ತಿತು. ಅದೇ ಸರಣಿಯ ಮೊದಲ ಭೂಕಂಪದಲ್ಲಿ ನಮ್ಮ ಗ್ರೇಟ್ ನಿಕೋಬಾರಿನ ಇಂದಿರಾ ಪಾಯಿಂಟ್ ನಾಲ್ಕು ಮೀಟರಿಗೂ ಹೆಚ್ಚು ತಗ್ಗಿ, ದೀಪಸ್ತಂಭದ ಬುಡಕ್ಕೆ ಕಡಲು ಬಂದಿತ್ತು. ಒಂದೇ ಬಿಲ್ಲು ಚಿಮ್ಮಿದಾಗ ಒಂದು ಕಡೆ ಏಳುತ್ತದೆ, ಇನ್ನೊಂದು ಕಡೆ ಇಳಿಯುತ್ತದೆ.

ತಳ ಬದಲಾದ ಮೇಲೆ ಅಲೆಯೂ ಬದಲಾಗಲೇಬೇಕಲ್ಲ? ನೆರೆಯ ನಿಯಾಸ್ ದ್ವೀಪದ ಲಾಗುಂದ್ರಿ ಕೊಲ್ಲಿಯಲ್ಲಿ ದಿಬ್ಬ ಮೇಲೆದ್ದುದರಿಂದ ಅಲೆ ಮೊದಲಿಗಿಂತ ಗಡುಸಾಯಿತು. ಸಿಮೆಲೂ ತೀರದಲ್ಲೂ ಅಲೆಗಳು ಹೊಸ ಜಾಗಗಳಲ್ಲಿ ಒಡೆಯತೊಡಗಿದವು. ಆಟಗಾರರಿಗೆ ಅದು ಲಾಭ, ದಿಬ್ಬದ ಮೀನನ್ನು ನಂಬಿದವರಿಗೆ ನಷ್ಟ.

ಸತ್ತ ಹವಳ ವಿಜ್ಞಾನಿಗಳಿಗೆ ಪುಸ್ತಕವಾಯಿತು. ಕೆಲವು ಜಾತಿಯ ಹವಳಗಳು ಇಳಿತದ ನೀರಿನ ಮಟ್ಟದವರೆಗೆ ಮಾತ್ರ ಬೆಳೆದು, ಆಮೇಲೆ ತಟ್ಟೆಯಂತೆ ಅಗಲವಾಗುತ್ತವೆ. ಮರದ ಕಾಂಡದಲ್ಲಿರುವಂತೆ ಅವುಗಳಲ್ಲೂ ವರ್ಷಕ್ಕೊಂದು ಬಳೆ ಇರುತ್ತದೆ. ನೆಲ ತಗ್ಗಿದರೆ ಹವಳದ ಅಂಚು ಏರುತ್ತದೆ, ನೆಲ ಎದ್ದರೆ ನೆತ್ತಿ ಸಾಯುತ್ತದೆ. ಅಮೆರಿಕದ ಕ್ಯಾಲ್‌ಟೆಕ್ ಸಂಸ್ಥೆಯ ಕೆರ‍್ರಿ ಸೀಹ್ ಮತ್ತು ಸಂಗಡಿಗರು ಈ ತಟ್ಟೆಗಳನ್ನು ಕೊಯ್ದು ಓದಿ, ಭೂಕಂಪಗಳ ನಡುವಣ ವರ್ಷಗಳಲ್ಲಿ ಈ ದ್ವೀಪಗಳು ಹೇಗೆ ಮೆಲ್ಲಮೆಲ್ಲಗೆ ತಗ್ಗುತ್ತ ಬಂದಿವೆ ಎಂಬುದನ್ನು ಲೆಕ್ಕ ಹಾಕಿದರು.

ಇಂದು ಮೇಡಾನ್ ನಗರದಿಂದ ಸಣ್ಣ ವಿಮಾನ, ಸುಮಾತ್ರಾದ ಕರೆಯಿಂದ ರಾತ್ರಿ ಹೊರಡುವ ಹಡಗು ಸಿಮೆಲೂ ದ್ವೀಪಕ್ಕೆ ಹೋಗುತ್ತವೆ. ಅಲೆಗಳಿಗೆ ಒಳ್ಳೆಯ ಕಾಲ ಮೇ ತಿಂಗಳಿಂದ ಸೆಪ್ಟೆಂಬರ್. ಆಚೆಯಲ್ಲಿ ಇಸ್ಲಾಮೀ ಕಾನೂನು ಜಾರಿಯಲ್ಲಿದೆ. ಬಂದವರು ಮೈತುಂಬ ಬಟ್ಟೆ ತೊಡಬೇಕು. ಶುಕ್ರವಾರ ಮೀನುಗಾರರು ಕಡಲಿಗಿಳಿಯುವುದಿಲ್ಲ, ಅದು ಹಿಂದಿನಿಂದ ಬಂದ ಕಟ್ಟಳೆ. ದೋಣಿಗಳು ಮರಳಿನ ಮೇಲೆ ಮಲಗಿರುವ ಆ ದಿನವೂ ದಕ್ಷಿಣದ ಬಿರುಗಾಳಿಯ ಅಲೆಗಳು 16 ಸೆಕೆಂಡಿಗೊಂದರಂತೆ ಬಂದು, ಮೇಲೆದ್ದ ದಿಬ್ಬದ ಅಂಚಿನಲ್ಲಿ ಒಡೆಯುತ್ತಿರುತ್ತವೆ.