ರ‍್ಯಾಂಕು ಮಕ್ಕಳದು, ಹೆಸರು ಕಾಲೇಜಿನದು

ಸಿಇಟಿ ಫಲಿತಾಂಶ ಬರುತ್ತಿದ್ದಂತೆ ಹೆದ್ದಾರಿಗಳ ಇಕ್ಕೆಲದಲ್ಲಿ ಎಂಜಿನಿಯರಿಂಗ್ ಕಾಲೇಜುಗಳ ಫ್ಲೆಕ್ಸ್‌ಗಳು ಎದ್ದು ನಿಲ್ಲುತ್ತವೆ. ನ್ಯಾಕ್ ಎ ಪ್ಲಸ್ ಪ್ಲಸ್, ಎನ್‌ಬಿಎ ಮಾನ್ಯತೆ, ಅಟಾನಮಸ್, ಪಕ್ಕದಲ್ಲಿ ಕೋಟು ತೊಟ್ಟ ಹುಡುಗನ ನಗು, ಕೆಳಗೆ ಲಕ್ಷಗಳ ಪ್ಯಾಕೇಜು. ಎಲ್ಲ ಕಾಲೇಜುಗಳೂ ಒಂದೇ ಮಾತು ಹೇಳುವಾಗ ಪೋಷಕರು ಕೊನೆಗೆ ನಂಬುವುದು ಹಿಂದಿನ ವರ್ಷದ ಕಟ್‌ಆಫ್ ಪಟ್ಟಿಯನ್ನು. ಸಿಇಟಿ ನಡೆಸುವ ಕೆಇಎ ಜಾಲತಾಣದಲ್ಲಿ ಅದು ಕಾಲೇಜುವಾರು, ಕೋರ್ಸ್‌ವಾರು, ಪ್ರವರ್ಗವಾರು ಸಿಗುತ್ತದೆ. ಜಿಎಂನಲ್ಲಿ, ಅಂದರೆ ಸಾಮಾನ್ಯ ವರ್ಗದಲ್ಲಿ, ಎರಡು ಸಾವಿರದ ರ‍್ಯಾಂಕಿಗೇ ಸೀಟು ಮುಗಿದರೆ ಭಾರಿ ಕಾಲೇಜು, ಐವತ್ತು ಸಾವಿರದವರೆಗೆ ಇಳಿದರೆ ಅಷ್ಟಕ್ಕಷ್ಟೆ. ಆಪ್ಷನ್ ಎಂಟ್ರಿಯೂ ಅದೇ ಕ್ರಮದಲ್ಲಿ ನಡೆದುಹೋಗುತ್ತದೆ.

ಕಟ್‌ಆಫ್ ಸುಳ್ಳಲ್ಲ. ಆದರೆ ಅದರಿಂದ ತಿಳಿಯುವುದು ಒಳಗೆ ಯಾರು ಬಂದರು ಎಂಬುದಷ್ಟೆ, ಬಂದವರಿಗೆ ಅಲ್ಲಿ ಏನು ಸಿಕ್ಕಿತು ಎಂಬುದಲ್ಲ. ಸಿಇಟಿ ರ‍್ಯಾಂಕಿನಲ್ಲಿ ಅರ್ಧ ಪಾಲು ಪಿಯುಸಿ ಅಂಕಗಳದು, ಇನ್ನರ್ಧ ಒಂದೆರಡು ದಿನದ ಪರೀಕ್ಷೆಯದು. ಎರಡರಲ್ಲೂ ಎಂಜಿನಿಯರಿಂಗ್ ಕಾಲೇಜಿನ ಕೈವಾಡ ಏನೇನೂ ಇಲ್ಲ. ಮೊದಲೇ ಚುರುಕಾಗಿದ್ದ ಹುಡುಗರು ಬರುತ್ತಾರೆ, ಅವರನ್ನು ಹುಡುಕಿಕೊಂಡು ಕಂಪನಿಗಳು ಬರುತ್ತವೆ, ಕಂಪನಿಗಳನ್ನು ನೋಡಿ ಮುಂದಿನ ವರ್ಷ ಇನ್ನಷ್ಟು ಚುರುಕಾದವರು ಬರುತ್ತಾರೆ. ಈ ಸುತ್ತು ಒಮ್ಮೆ ತಿರುಗಲು ಶುರುವಾದರೆ ತರಗತಿಯಲ್ಲಿ ಪಾಠ ನಡೆದರೂ ಸೈ, ನಡೆಯದಿದ್ದರೂ ಸೈ.

ಈ ಗೊಂದಲವನ್ನು ಬಿಡಿಸಲು ಅಮೆರಿಕದಲ್ಲಿ ಒಂದು ಒಳ್ಳೆಯ ಪ್ರಯತ್ನ ನಡೆಯಿತು. ಅರ್ಥಶಾಸ್ತ್ರಜ್ಞರಾದ ಸ್ಟೇಸಿ ಡೇಲ್ ಮತ್ತು ಆ್ಯಲನ್ ಕ್ರೂಗರ್ 1976ರಲ್ಲಿ ಕಾಲೇಜು ಸೇರಿದವರ ಮುಂದಿನ ಸಂಪಾದನೆಯನ್ನು ಹೋಲಿಸಿ, 2002ರಲ್ಲಿ ಪ್ರಬಂಧ ಪ್ರಕಟಿಸಿದರು. ಒಂದೇ ಮಟ್ಟದ ಕಾಲೇಜುಗಳಲ್ಲಿ ಪ್ರವೇಶ ಸಿಕ್ಕಿದ್ದವರಲ್ಲಿ ಕೆಲವರು ಹೆಸರಾಂತ ಕಾಲೇಜಿಗೇ ಹೋಗಿದ್ದರು, ಕೆಲವರು ಅದನ್ನು ಬಿಟ್ಟು ಅಷ್ಟೇನೂ ಹೆಸರಿಲ್ಲದ ಕಡೆ ಸೇರಿದ್ದರು. ವರ್ಷಗಳ ನಂತರ ನೋಡಿದರೆ ಎರಡೂ ಗುಂಪುಗಳ ಸರಾಸರಿ ಗಳಿಕೆಯಲ್ಲಿ ಹೇಳಿಕೊಳ್ಳುವಂಥ ಅಂತರ ಇರಲಿಲ್ಲ. ಹೆಸರಾಂತ ಕಾಲೇಜಿನಿಂದ ನಿಜವಾಗಿ ಲಾಭವಾದದ್ದು ಕಡಿಮೆ ಆದಾಯದ ಮನೆಗಳಿಂದ ಬಂದವರಿಗೆ. ನಮ್ಮಲ್ಲಿಗೂ ಈ ಕೊನೆಯ ಮಾತು ಒಪ್ಪುತ್ತದೆ ಎಂದು ನನಗನ್ನಿಸುತ್ತದೆ. ಅಪ್ಪ-ಅಮ್ಮ ಇಬ್ಬರೂ ಬೆಂಗಳೂರಿನ ಐಟಿಯಲ್ಲಿರುವ ಹುಡುಗಿಗೆ ಎಲ್ಲಿ ಓದಿದರೂ ದಾರಿ ತೋರಿಸುವವರಿರುತ್ತಾರೆ. ಸಿಂಧನೂರಿನ ಹಳ್ಳಿಯಿಂದ ಗ್ರಾಮೀಣ ಕೋಟಾದಲ್ಲಿ ಬಂದವನಿಗೆ ಸಹಪಾಠಿಗಳು, ಸೀನಿಯರ್‌ಗಳೇ ದಾರಿ. ಅವನು ಕಟ್‌ಆಫ್ ನೋಡುವುದರಲ್ಲಿ ಅರ್ಥವಿದೆ.

ಇನ್ನು ನ್ಯಾಕ್. 1994ರಲ್ಲಿ ಹುಟ್ಟಿ ಬೆಂಗಳೂರಿನಲ್ಲೇ ನೆಲೆ ನಿಂತ ಈ ಮಾನ್ಯತಾ ಸಂಸ್ಥೆ ನಾಲ್ಕಕ್ಕೆ 3.51 ಮತ್ತು ಅದಕ್ಕಿಂತ ಹೆಚ್ಚು ಪಡೆದವರಿಗೆ ಎ ಪ್ಲಸ್ ಪ್ಲಸ್ ಕೊಡುತ್ತ ಬಂದಿದೆ. ಫ್ಲೆಕ್ಸ್ ಹೇಳದ ಸಂಗತಿಯೆಂದರೆ, ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಒಟ್ಟು ಸಾವಿರ ಅಂಕಗಳಲ್ಲಿ ವಿಶ್ವವಿದ್ಯಾಲಯಕ್ಕಾದರೆ ಸಂಶೋಧನೆಗೆ 250, ಬೋಧನೆ-ಕಲಿಕೆ-ಮೌಲ್ಯಮಾಪನಕ್ಕೆ 200. ಸಂಯೋಜಿತ ಪದವಿ ಕಾಲೇಜಿಗೆ ಬೋಧನೆಯ ಪಾಲೇ 350. ಹೀಗಾಗಿ ಒಂದು ವಿವಿಯ ‘ಎ’ಯನ್ನೂ ಪಕ್ಕದೂರಿನ ಪದವಿ ಕಾಲೇಜಿನ ‘ಎ’ಯನ್ನೂ ಎದುರುಬದುರು ಇಟ್ಟು ನೋಡಿದರೆ ಏನೂ ತಿಳಿಯುವುದಿಲ್ಲ. ಮೇಲಾಗಿ ಈ ಶ್ರೇಣಿ ಇಡೀ ಸಂಸ್ಥೆಗೆ ಸೇರಿದ್ದು, ನಿಮ್ಮ ಮಗಳು ಓದುವುದು ಅದರ ಒಂದು ವಿಭಾಗದಲ್ಲಿ. ವಿಭಾಗದ ಮಟ್ಟಕ್ಕಿಳಿದು ನೋಡುವುದು ಎನ್‌ಬಿಎ. ಅದರಲ್ಲೂ ಎರಡು ದರ್ಜೆಗಳಿವೆ, ವಾಷಿಂಗ್ಟನ್ ಅಕಾರ್ಡ್‌ನಡಿ ಹೊರದೇಶಗಳು ಮನ್ನಿಸುವುದು ಟಿಯರ್-1 ಮಾನ್ಯತೆಯನ್ನು ಮಾತ್ರ. ‘ಎನ್‌ಬಿಎ’ ಎಂದು ದಪ್ಪಕ್ಷರದಲ್ಲಿ ಬರೆದ ಕಾಲೇಜಿಗೆ ಹೋದಾಗ ಯಾವ ಬ್ರಾಂಚಿಗೆ, ಎಷ್ಟು ವರ್ಷಕ್ಕೆ ಎಂದು ಕೇಳಿ ನೋಡಿ.

ಶ್ರೇಣಿ ಕೊಡುವ ಪ್ರಕ್ರಿಯೆಯ ಮೇಲೂ ಅನುಮಾನ ಎದ್ದಿದೆ. 2025ರ ಫೆಬ್ರುವರಿಯಲ್ಲಿ ಆಂಧ್ರದ ಗುಂಟೂರಿನ ಕಡೆಯ ಸಂಸ್ಥೆಯೊಂದರ ಪರಿಶೀಲನೆಗೆ ಸಂಬಂಧಿಸಿದ ಲಂಚದ ಆರೋಪದಲ್ಲಿ ನ್ಯಾಕ್ ತಂಡದ ಅಧ್ಯಕ್ಷರನ್ನೂ ಸದಸ್ಯರನ್ನೂ ಸಿಬಿಐ ಬಂಧಿಸಿತು. ಅಕ್ಷರ ಶ್ರೇಣಿಗಳನ್ನು ಬಿಟ್ಟು ‘ಮಾನ್ಯತೆ ಇದೆ’ ಅಥವಾ ‘ಇಲ್ಲ’ ಎಂಬ ಪದ್ಧತಿಗೆ ಹೊರಳುವುದಾಗಿ ನ್ಯಾಕ್ ಅದಕ್ಕೂ ಮೊದಲೇ, 2024ರಲ್ಲಿ ಪ್ರಕಟಿಸಿತ್ತು. ಹಾಗೆಂದು ನ್ಯಾಕ್ ಕಾಗದಗಳನ್ನು ಪೂರ್ತಿ ಕಸದ ಬುಟ್ಟಿಗೆ ಹಾಕಬೇಕಿಲ್ಲ. ಪರಿಶೀಲನಾ ತಂಡದ ವರದಿಯ ಕೊನೆಯಲ್ಲಿ ಸಂಸ್ಥೆಯ ಶಕ್ತಿ, ದೌರ್ಬಲ್ಯಗಳನ್ನು ಬರೆದಿರುತ್ತಾರೆ. ದೌರ್ಬಲ್ಯದ ಭಾಗ ಮೂರು-ನಾಲ್ಕು ಸಾಲೇ ಇರಬಹುದು. ಸೌಜನ್ಯಕ್ಕೆ ಬರೆದದ್ದು ಯಾವುದು, ಮನಸ್ಸಿಲ್ಲದೆ ಒಪ್ಪಿಕೊಂಡದ್ದು ಯಾವುದು ಎಂಬುದು ಸ್ವಲ್ಪ ಗಮನವಿಟ್ಟರೆ ಗೊತ್ತಾಗುತ್ತದೆ.

ಎನ್‌ಐಆರ್‌ಎಫ್ ವಿಷಯದಲ್ಲೂ ನನ್ನ ಸಲಹೆ ಅದೇ. ಕೇಂದ್ರ ಸರ್ಕಾರದ ಕಡೆಯಿಂದ 2016ರಿಂದ ಪ್ರತಿವರ್ಷ ಬರುವ ಈ ರ‍್ಯಾಂಕಿಂಗ್ ಪಟ್ಟಿಯ ವಿಶ್ವವಿದ್ಯಾಲಯ ವಿಭಾಗದಲ್ಲಿ ನಮ್ಮ ಐಐಎಸ್‌ಸಿ ಮೊದಲಿನಿಂದಲೂ ಮೊದಲ ಸ್ಥಾನದಲ್ಲಿದೆ. ಹೆಮ್ಮೆಯೇನೋ ಸರಿ, ಆದರೆ ಅಲ್ಲಿ ಪದವಿ ಓದುವವರು ಕಡಿಮೆ. ಪಟ್ಟಿಯಲ್ಲಿ 80ನೆಯದೋ 120ನೆಯದೋ ಎಂಬ ಜಗಳವನ್ನು ಬಿಟ್ಟು, ಅದಕ್ಕಾಗಿ ಕಾಲೇಜು ತಾನೇ ಸಲ್ಲಿಸಿದ ಮಾಹಿತಿಯನ್ನು ತೆರೆಯಬೇಕು. ಅದನ್ನು ಕಾಲೇಜು ಪಿಡಿಎಫ್ ರೂಪದಲ್ಲಿ ತನ್ನ ಜಾಲತಾಣದಲ್ಲಿ ಹಾಕಿರುತ್ತದೆ, ಹುಡುಕಲು ಕೊಂಚ ಕಷ್ಟವಾಗುವ ಮೂಲೆಯಲ್ಲಿ.

ಆ ಪಿಡಿಎಫ್‌ನ ಒಂದೇ ಸಾಲಿನಲ್ಲಿ ಮೊದಲ ವರ್ಷಕ್ಕೆ ಸೇರಿದವರೆಷ್ಟು, ನಿಗದಿತ ಅವಧಿಯಲ್ಲಿ ಪಾಸಾಗಿ ಹೊರಬಿದ್ದವರೆಷ್ಟು, ಕೆಲಸ ಸಿಕ್ಕವರೆಷ್ಟು, ಉನ್ನತ ವ್ಯಾಸಂಗಕ್ಕೆ ಹೋದವರೆಷ್ಟು ಎಂಬ ಲೆಕ್ಕವಿರುತ್ತದೆ. ಸೇರಿದವರ ಸಂಖ್ಯೆಗೂ ನಾಲ್ಕು ವರ್ಷದಲ್ಲಿ ಮುಗಿಸಿದವರ ಸಂಖ್ಯೆಗೂ ದೊಡ್ಡ ಅಂತರವಿದ್ದರೆ ಆ ಕ್ಯಾಂಪಸ್ಸಿನಲ್ಲಿ ಬ್ಯಾಕ್‌ಲಾಗ್ ರಾಶಿ ಬಿದ್ದಿದೆ ಎಂದೇ ಅರ್ಥ. ಸಂಬಳದ ಕಾಲಂನಲ್ಲಿ ಕೇಳುವುದು ಗರಿಷ್ಠವನ್ನೂ ಅಲ್ಲ, ಸರಾಸರಿಯನ್ನೂ ಅಲ್ಲ, ಮಧ್ಯಾಂಕವನ್ನು. ಕೆಲಸ ಸಿಕ್ಕವರನ್ನೆಲ್ಲ ಸಂಬಳದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಂತವನ ಸಂಬಳ ಅದು. ಫ್ಲೆಕ್ಸಿನಲ್ಲಿ ನಗುವವನು ಸಾಲಿನ ತುದಿಯಲ್ಲಿದ್ದಾನೆ, ನಿಮ್ಮ ಮಗ ನಿಲ್ಲುವುದು ನಡುವಿನಲ್ಲಿ ಎಂದುಕೊಂಡೇ ಹೊರಡುವುದು ಒಳ್ಳೆಯದು. ಅಧ್ಯಾಪಕರ ಪಟ್ಟಿ ಇದ್ದರೆ ಕೆಲಸಕ್ಕೆ ಸೇರಿದ ದಿನಾಂಕಗಳ ಮೇಲೆ ಕಣ್ಣಾಡಿಸಿ. ಅರ್ಧಕ್ಕರ್ಧ ಜನ ಹೋದ ವರ್ಷವಷ್ಟೇ ಸೇರಿದ್ದರೆ ಅದಕ್ಕಿಂತ ಹಿಂದಿನವರು ಎಲ್ಲಿ ಹೋದರು, ಯಾಕೆ ಹೋದರು?

ಇದೆಲ್ಲ ಸಂಸ್ಥೆಗಳು ತಾವೇ ಕೊಟ್ಟ ಲೆಕ್ಕ ಎಂಬ ಎಚ್ಚರವೂ ಇರಲಿ. ನ್ಯೂಯಾರ್ಕಿನ ಕೊಲಂಬಿಯಾದಂಥ ವಿಶ್ವವಿದ್ಯಾಲಯ ಅಮೆರಿಕದ ಪ್ರಮುಖ ರ‍್ಯಾಂಕಿಂಗಿಗೆ ಕೊಟ್ಟ ಅಂಕಿಅಂಶಗಳು ಸರಿಯಿಲ್ಲ ಎಂದು 2022ರಲ್ಲಿ ಅಲ್ಲಿಯ ಗಣಿತದ ಪ್ರಾಧ್ಯಾಪಕ ಮೈಕೆಲ್ ಥಾಡಿಯಸ್ ಅವರೇ ತೋರಿಸಿಕೊಟ್ಟರು. ಅದೇ ವರ್ಷ ಕೊಲಂಬಿಯಾ 2ನೇ ಸ್ಥಾನದಿಂದ 18ಕ್ಕೆ ಇಳಿಯಿತು. ಪಾಠ ಮಾತ್ರ ಹಿಂದಿನಂತೆಯೇ ನಡೆದಿತ್ತು.

ಹೋಲಿಸಲು ನಮ್ಮಲ್ಲಿ ಒಂದು ಸಾಚಾ ಅಳತೆಗೋಲಿತ್ತು, ಅದು ಮೆಲ್ಲಮೆಲ್ಲನೆ ಕೈತಪ್ಪುತ್ತಿದೆ. 1998ರಲ್ಲಿ ಬೆಳಗಾವಿಯಲ್ಲಿ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು ಶುರುವಾದ ಮೇಲೆ ಬೀದರಿನ ಹುಡುಗನೂ ಬೆಂಗಳೂರಿನ ಹುಡುಗಿಯೂ ಒಂದೇ ದಿನ ಒಂದೇ ಪ್ರಶ್ನೆಪತ್ರಿಕೆ ಬಿಡಿಸುತ್ತಿದ್ದರು. ಈಗ ಹೆಸರಿರುವ ಕಾಲೇಜುಗಳು ಒಂದೊಂದಾಗಿ ಸ್ವಾಯತ್ತವಾಗಿವೆ. ಪಠ್ಯಕ್ರಮ, ಪ್ರಶ್ನೆಪತ್ರಿಕೆ, ಮೌಲ್ಯಮಾಪನ ಎಲ್ಲ ಅವರವರದೇ. ಸ್ವಾಯತ್ತತೆಯಿಂದ ಒಳ್ಳೆಯ ವಿಭಾಗಗಳಿಗೆ ಕೈಕಾಲು ಬಂದಿವೆ, ಹತ್ತು ವರ್ಷ ಹಳೆಯ ಸಿಲಬಸ್ಸಿಗೆ ಅಂಟಿಕೊಂಡಿರಬೇಕಾದ ಕರ್ಮ ತಪ್ಪಿದೆ. ಆದರೆ ಇಲ್ಲಿಯ ಒಂಬತ್ತರ ಸಿಜಿಪಿಎ ಅಲ್ಲಿಯ ಒಂಬತ್ತಕ್ಕೆ ಸಮವೇ ಎಂದು ಹೇಳುವವರು ಯಾರೂ ಉಳಿದಿಲ್ಲ. ಇದಕ್ಕೆ ನನಗೆ ತೋಚುವ ಉಪಾಯ, ನೀವು ಯೋಚಿಸುತ್ತಿರುವ ಎರಡು ಕಾಲೇಜುಗಳ ಒಂದೇ ವಿಷಯದ ಪ್ರಶ್ನೆಪತ್ರಿಕೆಗಳನ್ನು ತರಿಸಿ ಜೊತೆಗಿಡುವುದು. ಡೇಟಾ ಸ್ಟ್ರಕ್ಚರ್ಸ್ ಎಂದಿಟ್ಟುಕೊಳ್ಳಿ. ಒಂದರಲ್ಲಿ ‘ವ್ಯಾಖ್ಯಾನಿಸಿ, ವಿವರಿಸಿ, ಚಿತ್ರ ಬರೆಯಿರಿ’ ಎಂದಷ್ಟೇ ಇರುತ್ತದೆ. ಇನ್ನೊಂದರಲ್ಲಿ ಒಂದು ತಪ್ಪು ಪ್ರೋಗ್ರಾಂ ಕೊಟ್ಟು ಎಲ್ಲಿ ಎಡವಿದೆ, ಹೇಗೆ ಸರಿಪಡಿಸುತ್ತೀರಿ ಎಂದು ಕೇಳಿರುತ್ತಾರೆ. ಆ ವಿಷಯ ಗೊತ್ತಿರುವ ಒಬ್ಬರು ಹತ್ತು ನಿಮಿಷ ನೋಡಿದರೆ ಸಾಕು, ಎಲ್ಲಿ ಪಾಠ ನಡೆಯುತ್ತಿದೆ ಎಂದು ಹೇಳಬಲ್ಲರು.

ಪಟ್ಟಿಗಳ ಕಣ್ಣಿಗೆ ಬೀಳದ ಇನ್ನೊಂದು ಲೋಕವಿದೆ. ರಾಜ್ಯದ ನಾನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪಾಠದ ದೊಡ್ಡ ಭಾಗವನ್ನು ಹೊತ್ತಿರುವವರು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು. ಅವರ ನೇಮಕ ತಡವಾದರೆ ಸೆಮಿಸ್ಟರ್‌ನ ಮೊದಲ ವಾರಗಳು ಖಾಲಿ ಹೋಗುತ್ತವೆ. ಅಂಥ ಕಾಲೇಜೊಂದು ಮನೆಯಲ್ಲಿ ಯಾರೂ ಡಿಗ್ರಿ ಕಾಣದ, ಬಸ್ ಪಾಸಿನಲ್ಲಿ ಬರುವ ಹುಡುಗಿಯನ್ನು ಬಿ.ಕಾಂ. ಮುಗಿಸುವಂತೆ ಮಾಡಿದರೆ ಅದು ಮಾಡಿದ ಕೆಲಸ ಸಣ್ಣದಲ್ಲ, ಶೇ 95 ತೆಗೆದವರನ್ನೇ ಆರಿಸಿಕೊಂಡು ಶೇ 90ಕ್ಕೆ ತಂದು ನಿಲ್ಲಿಸುವ ನಗರದ ಕಾಲೇಜಿನದಕ್ಕಿಂತ ಹೆಚ್ಚಿನದೇ. ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆಯ ವಿಶ್ವವಿದ್ಯಾಲಯ ಪಟ್ಟಿಯಲ್ಲಿ ಇದನ್ನು ಅಳೆಯಲೆಂದೇ ಒಂದು ಕಾಲಂ ಇದೆ: ಬರುವಾಗ ವಿದ್ಯಾರ್ಥಿಗಳ ಮಟ್ಟವೇನಿತ್ತು, ಹೋಗುವಾಗ ಯಾವ ದರ್ಜೆ ಪಡೆದರು ಎಂಬುದರ ಹೋಲಿಕೆ.

ನಮ್ಮಲ್ಲಿ ಇದಕ್ಕೆ ಹೊಸ ಸಮಿತಿಯೂ ಬೇಡ, ತಪಾಸಣೆಯ ತಂಡವೂ ಬೇಡ. ಪ್ರತಿ ಕಾಲೇಜಿನ ಪ್ರತಿ ಬ್ರಾಂಚಿಗೆ ಯಾವ ರ‍್ಯಾಂಕಿನವರು ಸೇರಿದರು ಎಂಬುದು ಕೆಇಎ ಬಳಿ ಇದೆ. ಸ್ವಾಯತ್ತವಲ್ಲದ ಕಾಲೇಜುಗಳಲ್ಲಿ ಅವರು ಸೆಮಿಸ್ಟರ್‌ವಾರು, ವಿಷಯವಾರು ಎಷ್ಟು ಪಡೆದರು ಎಂಬುದು ವಿಟಿಯು ಬಳಿ ಇದೆ. ವಿದ್ಯಾರ್ಥಿಗಳ ಹೆಸರು ತೆಗೆದು ಎರಡನ್ನೂ ಒಂದೇ ಕೋಷ್ಟಕದಲ್ಲಿ ಕೂಡಿಸಿದರೆ, ಐವತ್ತು ಸಾವಿರದ ರ‍್ಯಾಂಕಿನವರನ್ನು ತೆಗೆದುಕೊಂಡು ನಾಲ್ಕೇ ವರ್ಷದಲ್ಲಿ ಚೆನ್ನಾಗಿ ಪಾಸು ಮಾಡಿಸಿದ ಕಾಲೇಜು ಯಾವುದು, ಐದು ಸಾವಿರದವರನ್ನು ಕರೆದುಕೊಂಡು ಕೈಬಿಟ್ಟದ್ದು ಯಾವುದು ಎಂಬುದು ಮುಂದಿನ ಆಪ್ಷನ್ ಎಂಟ್ರಿಯ ಹೊತ್ತಿಗೇ ಎಲ್ಲರ ಕೈಗೆ ಸಿಗುತ್ತದೆ. ಎರಡೂ ಸರ್ಕಾರದ್ದೇ ಸಂಸ್ಥೆಗಳು.